ಎರಡು ಸ್ವರಗಳ ನಡುವಿನ ದಾರಿ: ಆರಂಭಕಾಲದ ಪ್ರೊಗ್ರೆಸಿವ್ ರಾಕ್‌ನ ಸಿಂಥಸೈಜರ್ ಸೋಲೊ ಕುರಿತು ಒಂದು ಟಿಪ್ಪಣಿ

ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡದ ಮೊದಲ ಆಲ್ಬಂ ಹೊರಬಂದದ್ದು 1970ರ ನವೆಂಬರಿನಲ್ಲಿ. ಅದರ ಕೊನೆಯ ಹಾಡು 'ಲಕ್ಕಿ ಮ್ಯಾನ್'. ಆ ಹಾಡಿನ ಬಾಲದಲ್ಲಿ ಕೀತ್ ಎಮರ್ಸನ್ ನುಡಿಸಿರುವ ಮೋಗ್ ಸೋಲೊಗೆ 'ರಾಕ್ ಸಂಗೀತದ ಮೊತ್ತಮೊದಲ ಸಿಂಥಸೈಜರ್ ಸೋಲೊ' ಎಂಬ ಪಟ್ಟ ಕಟ್ಟುವುದು ರೂಢಿಯಾಗಿಬಿಟ್ಟಿದೆ. ಪಟ್ಟ ಗಟ್ಟಿಯದಲ್ಲ. ಮಂಕೀಸ್ ತಂಡ 1967ರಲ್ಲೇ ಮೋಗ್ ಬಳಸಿತ್ತು; ಬೀಟಲ್ಸ್ 1969ರ 'ಆಬಿ ರೋಡ್'ನಲ್ಲಿ ಬಳಸಿದರು. ಅಲ್ಲೆಲ್ಲ ಅದು ಹಾಡಿಗೆ ಬಣ್ಣ ತುಂಬಲು ಬಂದದ್ದು, ಸೋಲೊ ಅನ್ನಿಸಿಕೊಳ್ಳುವುದಿಲ್ಲ ಎಂದು ಪಕ್ಕಕ್ಕಿಟ್ಟರೂ ಡಿಕ್ ಹೈಮನ್‌ನ 'ದಿ ಮಿನೋಟಾರ್' ಎದುರಿಗೆ ನಿಲ್ಲುತ್ತದೆ. ಒಂದೇ ಆಧಾರಶ್ರುತಿಯ ಮೇಲೆ ಮೋಗ್ ಜಾರುತ್ತ ಅಲೆಯುವ ಆ ನುಡಿಸಾಣಿಕೆ 1969ರಲ್ಲಿ ಅಮೆರಿಕದ ಟಾಪ್ 40ರೊಳಕ್ಕೆ ಬಂದಿತ್ತು. ಎಮರ್ಸನ್ ಕೂಡ ತನ್ನ ಹಿಂದಿನ ತಂಡ 'ದಿ ನೈಸ್' ಜೊತೆ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ, ಮೈಕ್ ವಿಕರ್ಸ್‌ನಿಂದ ಎರವಲು ತಂದ ಮೋಗ್ ನುಡಿಸಿದ್ದ.

ಹಾಗಾಗಿ ಯಾರು ಮೊದಲು ಎಂಬ ಪ್ರಶ್ನೆಯಲ್ಲಿ ಹೆಚ್ಚು ಹುರುಳಿಲ್ಲ. ಅಷ್ಟೊಂದು ಮೋಗ್ ರೆಕಾರ್ಡುಗಳ ನಡುವೆ ಕೆಲವು ಸೋಲೊಗಳು ಮಾತ್ರ ಕಿವಿಯಲ್ಲಿ ಕೂತದ್ದು ಏಕೆ ಎಂದು ಕೇಳಿಕೊಂಡರೆ ಏನಾದರೂ ಸಿಗುತ್ತದೆ. ಹೊಸ ನಾದ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಹೊಸತನ ನಾಲ್ಕು ದಿನದ್ದು. ಆ ನಾದಗಳೆಲ್ಲ ಈಗ ಯಾವ ಫೋನಿನಲ್ಲಾದರೂ ಸಿಗುತ್ತವೆ, ಆದರೂ ಸೋಲೊಗಳು ಉಳಿದಿವೆ. ನನ್ನ ಮಟ್ಟಿಗೆ ಉತ್ತರ ಇರುವುದು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. 1970ರಿಂದ 1973ರವರೆಗಿನ ಸಿಂಥಸೈಜರುಗಳು ಈ ದಾರಿಯನ್ನು ಒಂದೊಂದು ಒಂದೊಂದು ಬಗೆಯಲ್ಲಿ ಕೊಟ್ಟವು; ನೆನಪಿನಲ್ಲಿ ಉಳಿದ ಸೋಲೊಗಳು ಆಯಾ ವಾದ್ಯ ಕೊಟ್ಟ ದಾರಿಯನ್ನು ಸರಿಯಾಗಿ ಹಿಡಿದವು.

ಹಾರ್ಮೋನಿಯಂ ಮೇಲೆ ನಮ್ಮ ವಿದ್ವಾಂಸರು ಹೊರಿಸುತ್ತ ಬಂದ ಆರೋಪ ಎಲ್ಲರಿಗೂ ಗೊತ್ತು: ಅದು ಮನೆಯಿಂದ ಮನೆಗೆ ನೆಗೆಯುತ್ತದೆ, ನಡುವೆ ಏನೂ ಇಲ್ಲ. ಆರ್ಗನ್, ಪಿಯಾನೊಗಳ ಕಥೆಯೂ ಅದೇ. ಎಮರ್ಸನ್, ರಿಕ್ ವೇಕ್‌ಮನ್, ಟೋನಿ ಬ್ಯಾಂಕ್ಸ್ ಈ ಮೂವರು ಕೀಬೋರ್ಡ್ ವಾದಕರೂ ಆ ವಾದ್ಯಗಳಿಂದಲೇ ಬಂದವರು. ಮೋಗ್‌ನ ಕೀಬೋರ್ಡೂ ನೋಡಲು ಹಾಗೇ ಇದೆ, ಆದರೆ ಒಳಗಿನ ಲೆಕ್ಕ ಬೇರೆ. ಒತ್ತಿದ ಕೀ ಒಂದು ವೋಲ್ಟೇಜನ್ನು ಕಳಿಸುತ್ತದೆ ಅಷ್ಟೆ. ಒಂದು ಸ್ಥಾಯಿಗೆ ಒಂದು ವೋಲ್ಟ್. ಆಸಿಲೇಟರ್ ಆ ವೋಲ್ಟೇಜಿಗೆ ತಕ್ಕ ಸ್ವರ ಹೊರಡಿಸುತ್ತದೆ. ವೋಲ್ಟೇಜು ಥಟ್ಟನೆ ಬದಲಾಗದೆ ನಿಧಾನವಾಗಿ ಏರುವಂತೆ ನಡುವೆ ಒಂದು ತಡೆ ಇಟ್ಟರೆ ಸ್ವರವೂ ನಿಧಾನವಾಗಿ ಏರುತ್ತದೆ. ಪೋರ್ಟಮೆಂಟೊ ಎಂದು ಕರೆಯುವುದು ಇದನ್ನೇ. ಒಂದು ಗುಂಡಿ ತಿರುಗಿಸಿ ಈ ತಡೆಯನ್ನು ಹೆಚ್ಚು ಕಡಿಮೆ ಮಾಡಬಹುದು.

ಕೇಳಿದೊಡನೆ ಇದು ನಮ್ಮ ಜಾರು ಎಂದು ಅನ್ನಿಸುವುದು ಸಹಜ. ಒಂದು ಮುಖ್ಯ ವ್ಯತ್ಯಾಸವಿದೆ. ವೀಣೆಯಲ್ಲಿ ಬೆರಳು ಜಾರುವಾಗ ಎಷ್ಟು ಹೊತ್ತು, ಎಲ್ಲಿ ತಡೆದು ಎಲ್ಲಿ ಬಿಡಬೇಕು ಎಂಬುದನ್ನು ವೈಣಿಕ ಪ್ರತಿ ಸಲವೂ ತೀರ್ಮಾನಿಸುತ್ತಾನೆ. ಮೋಗ್‌ನ ತಡೆ ಯಾವ ರಾಗವನ್ನೂ ಅರಿಯದು. ಗುಂಡಿ ಒಂದೇ ಕಡೆ ಇದ್ದರೆ, ಪಕ್ಕದ ಸ್ವರಕ್ಕೆ ಹೋಗಲಿ, ಎರಡು ಸ್ಥಾಯಿ ಆಚೆಗೆ ಹೋಗಲಿ, ಹೆಚ್ಚುಕಡಿಮೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಅಂದರೆ ನೆಗೆತ ದೊಡ್ಡದಾದಷ್ಟೂ ಜಾರುವ ವೇಗ ಹೆಚ್ಚು. ಅಕ್ಕಪಕ್ಕದ ಸ್ವರಗಳಲ್ಲಿ ಓಡಾಡಿದರೆ ಈ ಜಾರು ಬರೀ ಅಂಟಂಟಾಗಿ ಕೇಳುತ್ತದೆ. ದೂರದ ಸ್ವರಕ್ಕೆ ಹಾರಿದರೆ ಬಾಣ ಬಿಟ್ಟಂತಾಗುತ್ತದೆ.

'ಲಕ್ಕಿ ಮ್ಯಾನ್' ಸೋಲೊ ನಿಂತಿರುವುದು ಈ ಲೆಕ್ಕದ ಮೇಲೆ. ಹಾಡು ಗ್ರೆಗ್ ಲೇಕ್‌ನದು. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಬರೆದದ್ದು ಎಂದು ಅವನೇ ಹೇಳಿದ್ದಾನೆ. ಮೂರು ಎಣಿಕೆಯ, ಅಕೂಸ್ಟಿಕ್ ಗಿಟಾರಿನ ಸರಳ ಲಾವಣಿ. ಲಂಡನ್ನಿನ ಅಡ್ವಿಷನ್ ಸ್ಟುಡಿಯೊದಲ್ಲಿ ಎಡ್ಡಿ ಆಫರ್ಡ್ ಎಂಜಿನಿಯರ್ ಆಗಿದ್ದ ರೆಕಾರ್ಡಿಂಗ್. ಹಾಡು ಬಹುಪಾಲು ಮುಗಿದ ಮೇಲೆ, ಹೊಸದಾಗಿ ಬಂದಿದ್ದ ಮೋಗ್ ಮೇಲೆ ಎಮರ್ಸನ್ ಒಂದೇ ಸಲಕ್ಕೆ ನುಡಿಸಿದ. ಅವನ ಪ್ರಕಾರ ಅದು ಪ್ರಯೋಗ ಮಾತ್ರ, ಇನ್ನೊಮ್ಮೆ ನುಡಿಸಬೇಕೆಂದಿದ್ದ; ಉಳಿದವರು ಇದೇ ಇರಲಿ ಎಂದರು. ತಂಡದವರು ಮತ್ತೆ ಮತ್ತೆ ಹೇಳಿದ ಈ ಕಥೆಯಲ್ಲಿ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು, ಆದರೆ ಸೋಲೊದ ರಚನೆ ಅದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುವುದಿಲ್ಲ. ಆರಂಭದಲ್ಲಿ ಮಂದ್ರದಲ್ಲಿ ಎಳೆದು ನಿಲ್ಲಿಸಿದ ಸ್ವರ, ಅಲ್ಲಿಂದ ಮೇಲಕ್ಕೆ ಉದ್ದನೆಯ ಜಾರು, ಮತ್ತೆ ನಿಲುಗಡೆ. ವಾದ್ಯ ಏನು ಮಾಡುತ್ತದೆಂದು ಮೊದಲು ಕೇಳಿಸಿಕೊಂಡು, ಆಮೇಲೆ ಮಾತು ಮುಂದುವರಿಸುವವನ ನಡೆ ಇದು. ಬೆರಳುಗಳ ಚಳಕಕ್ಕೆ ಹೆಸರಾದ ಎಮರ್ಸನ್ ಇಲ್ಲಿ ಅದನ್ನು ಬಹುಮಟ್ಟಿಗೆ ಬದಿಗಿಟ್ಟಿದ್ದಾನೆ. ಇಡದೆ ಗತ್ಯಂತರವೂ ಇರಲಿಲ್ಲ: ಪೋರ್ಟಮೆಂಟೊ ಹಾಕಿಕೊಂಡು ಬಿರುಸಾಗಿ ನುಡಿಸಿದರೆ ಯಾವ ಸ್ವರವೂ ತನ್ನ ಜಾಗ ಮುಟ್ಟುವ ಮೊದಲೇ ಮುಂದಿನದು ಎಳೆದುಕೊಳ್ಳುತ್ತದೆ. ಮುಂದಿನ ವರ್ಷಗಳಲ್ಲಿ ಅವನು ಇದೇ ವಾದ್ಯದಲ್ಲಿ ಹೆಚ್ಚು ಕಷ್ಟದ ಎಷ್ಟೋ ಸೋಲೊ ನುಡಿಸಿದ. 1972ರ 'ಹೋಡೌನ್' ಅವುಗಳಲ್ಲಿ ಒಂದು. ನನಗೆ ಅವು ಮೆಚ್ಚುಗೆ ತರಿಸುತ್ತವೆ, 'ಲಕ್ಕಿ ಮ್ಯಾನ್' ಹಿಡಿದು ಕೂರಿಸುತ್ತದೆ.

ಎರಡನೆಯ ದಾರಿ ಮಿನಿಮೋಗ್‌ನದು. ರಾಬರ್ಟ್ ಮೋಗ್‌ನ ಕಂಪನಿ ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿತ್ತು. ಅಲ್ಲಿನ ಎಂಜಿನಿಯರ್ ಬಿಲ್ ಹೆಮ್ಸತ್ ಕೈಗೆ ಸಿಕ್ಕ ಭಾಗಗಳನ್ನು ಜೋಡಿಸಿ ಇದರ ಮೊದಲ ಮಾದರಿ ಮಾಡಿದ. 1970ರಲ್ಲಿ ಹೊರಬಂದ ಮಾಡೆಲ್ ಡಿ ಯಂತ್ರಕ್ಕೆ 44 ಕೀಗಳು, ಮೂರು ಆಸಿಲೇಟರ್. ಹಿಂದಿನ ಮೋಗ್‌ನ ಗೋಡೆಯಷ್ಟು ಎತ್ತರದ ಪೆಟ್ಟಿಗೆಗಳು, ಸಿಕ್ಕುಸಿಕ್ಕಾದ ತಂತಿಗಳು ಯಾವುದೂ ಬೇಡ. ಕೀಬೋರ್ಡಿನ ಎಡಕ್ಕೆ ಎರಡು ಚಕ್ರಗಳು. ಒಂದನ್ನು ಹೆಬ್ಬೆರಳಿನಿಂದ ಹಿಂದೆ ಮುಂದೆ ತಳ್ಳಿದರೆ ಸ್ವರ ಬಾಗುತ್ತದೆ. ಇಲ್ಲಿ ದಾರಿಯನ್ನು ತೀರ್ಮಾನಿಸುವುದು ಕೈ. ಎಷ್ಟು, ಯಾವಾಗ, ಎಷ್ಟು ವೇಗವಾಗಿ ಎಂಬುದೆಲ್ಲ ಎಡಗೈಯ ವಶಕ್ಕೆ ಬಂತು.

ಆದರೆ ಬಲಗೈಗೆ ಒಂದು ತೊಡಕಿತ್ತು. ಮಿನಿಮೋಗ್ ಒಮ್ಮೆಗೆ ಒಂದೇ ಸ್ವರ ಹಾಡುತ್ತದೆ. ಎರಡು ಕೀ ಒತ್ತಿದರೆ ಕೆಳಗಿನದಕ್ಕೇ ಮನ್ನಣೆ. ಸ, ಗ ಎರಡನ್ನೂ ಒತ್ತಿ ಹಿಡಿದರೆ ಕೇಳುವುದು ಸ ಮಾತ್ರ. ಸ ಬಿಟ್ಟರೆ ಮಾತ್ರ ಗ ಬಾಯಿ ಬಿಡುತ್ತದೆ. ಪಿಯಾನೊ ಕಲಿತವರು ಮುಂದಿನ ಸ್ವರ ಒತ್ತಿದ ಮೇಲೆ ಹಿಂದಿನದನ್ನು ಬಿಡುತ್ತಾರೆ, ಆ ಅಭ್ಯಾಸದಿಂದಲೇ ಅವರ ನುಡಿಸಾಣಿಕೆ ಮುರಿಯದೆ ಸಾಗುವುದು. ಅದೇ ಬೆರಳುಗಳು ಮಿನಿಮೋಗ್ ಮೇಲೆ ಆರೋಹಣಕ್ಕೆ ಬಂದರೆ ಸ್ವರಗಳು ಒಂದು ಕೂದಲೆಳೆ ತಡವಾಗಿ ಬೀಳುತ್ತವೆ. ಅವರೋಹಣದಲ್ಲಿ ತೊಂದರೆಯೇ ಇಲ್ಲ. ಮೇಲಿನ ಕೀಯನ್ನು ಹಿಡಿದೇ ಇದ್ದು ಕೆಳಗಿನದನ್ನು ಪಟಪಟನೆ ತಟ್ಟಿದರೆ ಇನ್ನೊಂದು ಬೆಡಗು: ಬೆರಳು ಎತ್ತಿದಾಗೆಲ್ಲ ಸ್ವರ ತಾನಾಗಿ ಮೇಲಕ್ಕೆ ಮರಳುತ್ತದೆ. ಈ ಕಾಲದ ಸಿಂಥ್ ಸೋಲೊಗಳಲ್ಲಿ ಕೇಳುವ ಬಿರುಸಾದ ಸ್ಫುರಿತಗಳಿಗೆ ಇದು ಹೇಳಿ ಮಾಡಿಸಿದ ಏರ್ಪಾಟು. ಒಂದೇ ಸ್ವರದ ಮಿತಿಗೆ ಸಂಬಂಧಿಸಿ ವೇಕ್‌ಮನ್ ಹೇಳುವ ಪ್ರಸಂಗವೂ ಉಂಟು. 'ಆಲಿವರ್!' ಚಿತ್ರದ ನಟ ಜ್ಯಾಕ್ ವೈಲ್ಡ್ ತನ್ನ ಮಿನಿಮೋಗ್ ಕೆಟ್ಟಿದೆ, ಒಮ್ಮೆಗೆ ಒಂದೇ ಸ್ವರ ಬರುತ್ತಿದೆ ಎಂದುಕೊಂಡು ಅಗ್ಗಕ್ಕೆ ಮಾರಿದನಂತೆ. ವೇಕ್‌ಮನ್ ಒಳ್ಳೆಯ ಹರಟೆಗಾರ, ಹಾಗಾಗಿ 'ಅಂತೆ'ಯನ್ನು ಉಳಿಸಿಕೊಂಡಿದ್ದೇನೆ.

ಚಕ್ರವನ್ನು ಹಿಡಿಸಿಕೊಂಡವರಲ್ಲಿ ಯಾನ್ ಹ್ಯಾಮರ್ ಎಲ್ಲರಿಗಿಂತ ಮುಂದೆ. ಅವನಿದ್ದ ಮಹಾವಿಷ್ಣು ಆರ್ಕೆಸ್ಟ್ರಾದ 1973ರ 'ಬರ್ಡ್ಸ್ ಆಫ್ ಫೈರ್' ಜಾಝ್-ರಾಕ್ ಕಡೆಗೆ ವಾಲುವ ಆಲ್ಬಂ, ಪ್ರೊಗ್ರೆಸಿವ್ ರಾಕ್‌ನ ನೆರೆಮನೆ. ಅದರ 'ಒನ್ ವರ್ಡ್'ನಲ್ಲಿ ಗಿಟಾರು, ಪಿಟೀಲು, ಮೋಗ್ ಮೂರೂ ಸರದಿಯ ಮೇಲೆ ಪೈಪೋಟಿಗೆ ನಿಲ್ಲುತ್ತವೆ. ಗಮನವಿಟ್ಟು ಕೇಳದಿದ್ದರೆ ಯಾವುದು ಯಾವುದೆಂದು ತಪ್ಪುವಷ್ಟು ಒಂದಕ್ಕೊಂದು ಹತ್ತಿರ. ತಂಡದ ನಾಯಕ ಜಾನ್ ಮೆಕ್‌ಲಾಫ್ಲಿನ್ ವಿದ್ವಾನ್ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತವನು. ಹಾಗಾಗಿ ವೀಣೆಯಿಂದ ಮೋಗ್‌ಗೆ ಒಂದು ಗೆರೆ ಎಳೆದುಬಿಡುವ ಆಸೆ ನಮ್ಮವರಿಗೆ ಸುಲಭವಾಗಿ ಹುಟ್ಟುತ್ತದೆ. ಎಳೆಯಬಾರದು. ಹ್ಯಾಮರ್‌ನ ಬಾಗುಗಳನ್ನು ಒಂದೊಂದಾಗಿ ಕೇಳಿದರೆ ಅವು ಎಲೆಕ್ಟ್ರಿಕ್ ಗಿಟಾರಿನ ತಂತಿ ಎಳೆದಾಗ ನಿಲ್ಲುವ ಕಡೆಯೇ ನಿಲ್ಲುತ್ತವೆ: ಕೆಳಗಿನಿಂದ ಎತ್ತಿ ಸ್ವರಕ್ಕೆ ಮುಟ್ಟಿಸುವುದು, ತುದಿಯಲ್ಲಿ ಅಲುಗಿಸುವುದು. ಕಂಪಿತದ ತೂಗು ಅಲ್ಲಿಲ್ಲ.

ಇಟಲಿಯ ಪ್ರೆಮಿಯಾಟಾ ಫೋರ್ನೇರಿಯಾ ಮಾರ್ಕೋನಿ ತಂಡ ಇದೇ ವಾದ್ಯದಿಂದ ಮಾಡಿದ ಕೆಲಸ ಇನ್ನೂ ಸರಳ, ಇನ್ನೂ ಧೈರ್ಯದ್ದು. 'ಇಂಪ್ರೆಸ್ಸಿಯೋನಿ ದಿ ಸೆತ್ತೆಂಬ್ರೆ' ಹಾಡಿನಲ್ಲಿ ಪಲ್ಲವಿಗೆ ಮಾತೇ ಇಲ್ಲ. ಚರಣ ಹಾಡಿ ಗಾಯಕ ಸುಮ್ಮನಾಗುತ್ತಾನೆ, ಎಲ್ಲರೂ ದನಿಗೂಡಿಸಬೇಕಾದ ಜಾಗದಲ್ಲಿ ಫ್ಲಾವಿಯೋ ಪ್ರೆಮೋಲಿಯ ಮಿನಿಮೋಗ್ ಹಾಡುತ್ತದೆ. ಇದನ್ನು ಸೋಲೊ ಎನ್ನಬೇಕೇ ಎಂದು ಯಾರಾದರೂ ತಕರಾರು ತೆಗೆಯಬಹುದು. ಸಿಂಥಸೈಜರನ್ನು ಗಾಯಕನ ಪೀಠದಲ್ಲೇ ಕೂರಿಸಿದ್ದು ನನಗಂತೂ ಸೋಲೊಗಿಂತ ಒಂದು ಕೈ ಮೇಲೆ.

ಮೂರನೆಯ ದಾರಿ ಎಆರ್‌ಪಿ ಕಂಪನಿಯದು. ಅದರ ಪ್ರೊ ಸೊಲೊಯಿಸ್ಟ್ ಬಂದದ್ದು 1972ರಲ್ಲಿ. ಸಿಂಥ್ ಪ್ರಿಯರು ಇದನ್ನು ಸ್ವಲ್ಪ ಕೀಳಾಗಿ ಕಾಣುತ್ತಾರೆ. ಕಾರಣ, ನಾದವನ್ನು ನೀವೇ ಕಟ್ಟುವ ಹಾಗಿಲ್ಲ. ಓಬೊ, ಟ್ರಂಪೆಟ್ ಎಂದು ಹೆಸರು ಬರೆದ 30 ಸಿದ್ಧ ನಾದಗಳು, ಬೇಕಾದ ಸ್ವಿಚ್ ಒತ್ತಿದರೆ ಮುಗಿಯಿತು. 37 ಕೀಗಳು. ಆದರೆ ಕೀಬೋರ್ಡಿನ ಅಡಿಯಲ್ಲಿ ಒಂದು ಸೆನ್ಸರ್ ಇತ್ತು. ಕೀ ಒತ್ತಿದ ಮೇಲೆ ಬೆರಳನ್ನು ಇನ್ನಷ್ಟು ಊರಿದರೆ ಸ್ವರ ಕಂಪಿಸುತ್ತದೆ, ಅಥವಾ ಬಾಗುತ್ತದೆ, ಅಥವಾ ದನಿ ಏರುತ್ತದೆ. ಯಾವುದು ಬೇಕೆಂದು ಮೊದಲೇ ಆರಿಸಿಟ್ಟುಕೊಳ್ಳಬಹುದು. ಮಿನಿಮೋಗ್‌ನಲ್ಲಿ ಎಡಗೈ ಮಾಡುತ್ತಿದ್ದ ಕೆಲಸ ಇಲ್ಲಿ ಬಲಗೈ ಬೆರಳಿಗೇ ಬಂತು. ಎಡಗೈ ಬಿಡುವಾಯಿತು, ಪಕ್ಕದ ಆರ್ಗನ್ನಿಗೋ ಮೆಲೊಟ್ರಾನಿಗೋ ಹೋಗಬಹುದು.

ಜೆನೆಸಿಸ್ ತಂಡದ ಟೋನಿ ಬ್ಯಾಂಕ್ಸ್‌ಗೆ ಬೇಕಾಗಿದ್ದು ಇದೇ. 1973ರ 'ಸೆಲ್ಲಿಂಗ್ ಇಂಗ್ಲಂಡ್ ಬೈ ದಿ ಪೌಂಡ್' ಆಲ್ಬಂನ 'ದಿ ಸಿನಿಮಾ ಶೋ' ಸುಮಾರು ಹನ್ನೊಂದು ನಿಮಿಷದ ಹಾಡು. ಮೊದಲರ್ಧ ಹನ್ನೆರಡು ತಂತಿಯ ಗಿಟಾರುಗಳ, ಪೀಟರ್ ಗೇಬ್ರಿಯಲ್‌ನ ಹಾಡುಗಾರಿಕೆಯ ಭಾಗ. ಆಮೇಲೆ ಮಾತು ನಿಂತು, ಏಳು ಎಣಿಕೆಯ ತಾಳ ಹಿಡಿಯುತ್ತದೆ. ಮಿಶ್ರ ಛಾಪು ಕೇಳಿ ಬೆಳೆದ ಕಿವಿಗೆ ಇದೇನು ಒಗಟಲ್ಲ, ಪಾಶ್ಚಾತ್ಯ ವಿಮರ್ಶಕರು ಈ ಏಳರ ಬಗ್ಗೆ ಬೆರಗು ಪಡುವುದು ನೋಡಿದರೆ ಕೊಂಚ ನಗು ಬರುತ್ತದೆ. ಮೈಕ್ ರುದರ್‌ಫೋರ್ಡ್‌ನ ಗಿಟಾರು, ಫಿಲ್ ಕಾಲಿನ್ಸ್‌ನ ಡ್ರಮ್ಸ್, ಬ್ಯಾಂಕ್ಸ್‌ನ ಕೀಬೋರ್ಡುಗಳು ಇಷ್ಟೇ. ವೇದಿಕೆಯ ಮೇಲೆ ಈ ಭಾಗ ಬಂದಾಗ ಗೇಬ್ರಿಯಲ್, ಸ್ಟೀವ್ ಹ್ಯಾಕೆಟ್ ಇಬ್ಬರಿಗೂ ಕೆಲಸವಿಲ್ಲ.

ಇಲ್ಲಿ ಎಮರ್ಸನ್‌ನ ಹುಡುಕಾಟ ಇಲ್ಲ, ಹ್ಯಾಮರ್‌ನ ಪೈಪೋಟಿಯೂ ಇಲ್ಲ. ಒಂದು ಚಿಕ್ಕ ಪದಗುಚ್ಛ ಬರುತ್ತದೆ, ಸ್ವಲ್ಪ ಮಾರ್ಪಟ್ಟು ಮರಳುತ್ತದೆ, ಕೆಳಗಿನ ಕಾರ್ಡ್ ಬದಲಾದೊಡನೆ ಅದೇ ಸ್ವರಗಳಿಗೆ ಬೇರೆ ಅರ್ಥ ಹುಟ್ಟುತ್ತದೆ. ಒಂದು ಘಟ್ಟ ಮುಗಿದು ಇನ್ನೊಂದು ಶುರುವಾಗುವಲ್ಲಿ ನಾದ ಬದಲಾಗುತ್ತದೆ. ಒಂದು ಸ್ವಿಚ್ಚಿನ ಕೆಲಸ. ಮಿನಿಮೋಗ್‌ನಲ್ಲಾಗಿದ್ದರೆ ತಾಳ ಓಡುತ್ತಿರುವಾಗಲೇ ನಾಲ್ಕಾರು ಗುಂಡಿ ತಿರುಗಿಸಬೇಕಾಗುತ್ತಿತ್ತು. ಕೀಳೆನ್ನಿಸಿಕೊಂಡ ಸಿದ್ಧ ನಾದಗಳೇ ಈ ಸೋಲೊಗೆ ಅಧ್ಯಾಯಗಳನ್ನು ಕೊಟ್ಟವು. ಎಳೆದ ಸ್ವರಗಳ ತುದಿಯಲ್ಲಿ ತಡವಾಗಿ ಏಳುವ ಕಂಪನವನ್ನು ಗಮನಿಸಬೇಕು: ಸ್ವರ ಮೊದಲು ನೆಟ್ಟಗೆ ನಿಲ್ಲುತ್ತದೆ, ಬೆರಳು ಊರಿದ ಮೇಲೆ ಉಸಿರಾಡತೊಡಗುತ್ತದೆ.

ಸ್ಟುಡಿಯೊದಿಂದ ಹೊರಬಂದ ಮೇಲೆ 'ಲಕ್ಕಿ ಮ್ಯಾನ್', 'ದಿ ಸಿನಿಮಾ ಶೋ' ಸೋಲೊಗಳ ಪಾಡು ತದ್ವಿರುದ್ಧವಾಯಿತು. ಎಮರ್ಸನ್, ಲೇಕ್ ಅಂಡ್ ಪಾಮರ್‌ನ 1974ರ ಕಛೇರಿ ಆಲ್ಬಂನಲ್ಲಿ 'ಲಕ್ಕಿ ಮ್ಯಾನ್' ಇದೆ, ಆದರೆ ಲೇಕ್ ಒಬ್ಬನೇ ಅಕೂಸ್ಟಿಕ್ ಗಿಟಾರು ಹಿಡಿದು ಹಾಡುತ್ತಾನೆ, ಮೋಗ್ ಇಲ್ಲ. ಹಾಡಿಗೇನೂ ಕೊರತೆಯಾಗುವುದಿಲ್ಲ. ಆಕಸ್ಮಿಕವಾಗಿ ಬಂದು ಸೇರಿದ್ದು ಅಷ್ಟೇ ಸಲೀಸಾಗಿ ಕಳಚಿಕೊಂಡಿತು. 'ದಿ ಸಿನಿಮಾ ಶೋ'ದಲ್ಲಿ ಕಳಚಿದ್ದು ಹಾಡು. 1976ರಲ್ಲಿ ಬಿಲ್ ಬ್ರೂಫರ್ಡ್ ಡ್ರಮ್ಸ್‌ನೊಂದಿಗೆ ಪ್ಯಾರಿಸಿನಲ್ಲಿ ರೆಕಾರ್ಡ್ ಆಗಿ 'ಸೆಕೆಂಡ್ಸ್ ಔಟ್' ಸೇರಿದ ಆವೃತ್ತಿಯಲ್ಲಿ ಎರಡೂ ಜೊತೆಗಿದ್ದವು, ಸೋಲೊ ಬಹುತೇಕ ಮೂಲದಂತೆಯೇ ಇತ್ತು. 1982ರ 'ತ್ರೀ ಸೈಡ್ಸ್ ಲೈವ್' ಹೊತ್ತಿಗೆ ಹನ್ನೆರಡು ತಂತಿಯ ಮೊದಲರ್ಧವನ್ನು ಬಿಟ್ಟು, ಏಳು ಎಣಿಕೆಯ ಸೋಲೊ ಭಾಗವನ್ನು ಮಾತ್ರ 'ಇನ್ ದಿ ಕೇಜ್' ಹಾಡಿನ ಜೊತೆ ಹೆಣೆದಿದ್ದರು. 2007ರ ಪ್ರವಾಸದಲ್ಲೂ ಅದು ಬಂದದ್ದು ಹಾಗೆಯೇ, ಹಾಡಿಲ್ಲದೆ.