ಬೇಟೆ ನಾಯಿಗಳ ಹಂಗಾಮಿನ ಪ್ರಶಸ್ತಿ: ಖರ್ಚೆಷ್ಟು, ನ್ಯಾಯವೆಷ್ಟು?

ಒಂದು ದಿನದ ಸ್ಪರ್ಧೆಯಲ್ಲಿ ಗೆದ್ದ ನಾಯಿಗೆ ಕೊಡುವ ಕಪ್ ಬೇರೆ. ಹಂಗಾಮು ಪೂರ್ತಿ ಊರೂರು ತಿರುಗಿ ಕೂಡಿಸಿಕೊಂಡ ಅಂಕಗಳ ಮೇಲೆ ಕೊಡುವ 'ವರ್ಷದ ನಾಯಿ' ಪ್ರಶಸ್ತಿ ಬೇರೆ. ಮೊದಲನೆಯದರಲ್ಲಿ ಆ ಹೊತ್ತಿನ ನಾಯಿಯ ಗುಣಕ್ಕೆ ಬೆಲೆ. ಎರಡನೆಯದರಲ್ಲಿ ನಾಯಿಯ ಜೊತೆಗೆ ಅದರ ಯಜಮಾನನ ಬಿಡುವು, ವಾಹನ, ಕೈಯಲ್ಲಿ ಓಡಾಡುವ ದುಡ್ಡು ಎಲ್ಲವೂ ಕಣಕ್ಕಿಳಿಯುತ್ತವೆ. ಮಲೆನಾಡಿನ ಕೊಟ್ಟಿಗೆಹಾರದಂಥ ಊರಿನಲ್ಲಿ ನಿಂತು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಇಲ್ಲಿ ನಾಯಿ ಸಾಕದ ಮನೆ ಕಡಿಮೆ. ನಾಯಿಗೆ ಅಂಕ ಕೊಡುವ ರಿಂಗ್ ಮಾತ್ರ ಬಲು ದೂರ.

ಮಲೆನಾಡಿನ ನಾಯಿ, ಬಯಲುಸೀಮೆಯ ನಾಯಿ

ಮೂಡಿಗೆರೆ, ಕಳಸ, ಬಾಳೂರು ಕಡೆಯ ಹಳೆಯ ಬೇಟೆಯಲ್ಲಿ ನಾಯಿಯ ಕೆಲಸ ಹಳುವಿಗೆ ನುಗ್ಗುವುದು. ಲಂಟಾನ, ಬಿದಿರುಮೆಳೆ, ಏಲಕ್ಕಿ ಮಲೆಯ ನಡುವೆ ಹಂದಿಯೋ ಕಾಡುಕುರಿಯೋ ಎಲ್ಲಿ ಮಲಗಿದೆ ಎಂದು ಮೂಗಿನಿಂದಲೇ ಪತ್ತೆಹಚ್ಚಿ, ಎಬ್ಬಿಸಿ, ಬೊಗಳುತ್ತಾ ಕಾದು ಕೂತ ಕೋವಿಯವನ ಕಡೆ ಅಟ್ಟಬೇಕು. ಹತ್ತು ಮಾರು ಆಚೆ ಏನಿದೆ ಎಂದು ಕಾಣದ ಕಾಡಿನಲ್ಲಿ ಕಣ್ಣಿಗಿಂತ ಮೂಗು ದೊಡ್ಡದು, ಕಾಲಿಗಿಂತ ಗಂಟಲು ದೊಡ್ಡದು. ಹಳಬರು ನಾಯಿಯ ಕೂಗು ಕೇಳಿಯೇ ಅದು ಯಾರ ಮನೆಯದು, ಎದುರಿಗಿರುವುದು ಹಂದಿಯೋ ಮೊಲವೋ ಎಂದು ಹೇಳುತ್ತಿದ್ದರು. ಆ ನಾಯಿಗಳಿಗೆ ತಳಿಯ ಹೆಸರಿರಲಿಲ್ಲ, ಪೆಡಿಗ್ರಿ ಕಾಗದವೂ ಇರಲಿಲ್ಲ.

ಕನ್ನಡ ಸಾಹಿತ್ಯದಲ್ಲಿ ಹೆಸರಾದ ನಾಯಿಗಳೂ ಇದೇ ಸೀಮೆಯವು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಗುತ್ತಿಗೆ 'ನಾಯಿಗುತ್ತಿ' ಎಂಬ ಹೆಸರು ಬಂದದ್ದೇ ಅವನ ನಾಯಿ ಹುಲಿಯನಿಂದ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ದಲ್ಲಿ 'ಕಿವಿ' ಎಂಬ ನಾಯಿಯೂ ಒಂದು ಪಾತ್ರ. ತೇಜಸ್ವಿ ಬದುಕಿದ್ದು ಮೂಡಿಗೆರೆಯಲ್ಲಿ. ಅವರ ಹೆಸರಿನ ಪ್ರತಿಷ್ಠಾನ ಇರುವುದು ಕೊಟ್ಟಿಗೆಹಾರದಲ್ಲೇ. ಹುಲಿಯನನ್ನಾಗಲಿ ಕಿವಿಯನ್ನಾಗಲಿ ಯಾವ ಪ್ರದರ್ಶನದ ರಿಂಗಿನಲ್ಲೂ ಓದುಗ ಕಲ್ಪಿಸಿಕೊಳ್ಳಲಾರ.

ಬಯಲುಸೀಮೆಯ ಬೇಟೆ ನಾಯಿ ಇದಕ್ಕೆ ತೀರಾ ಬೇರೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ಉದ್ದ ಕಾಲು, ಆಳವಾದ ಎದೆ, ಒಳಗೆ ಸೆಳೆದ ಹೊಟ್ಟೆ, ಕಿರಿದಾದ ಉದ್ದ ತಲೆ. ಗಂಡು ಭುಜದ ಮಟ್ಟಕ್ಕೆ 68ರಿಂದ 72 ಸೆಂಟಿಮೀಟರ್ ಎತ್ತರ. ಎರೆಹೊಲದ ಬಯಲಿನಲ್ಲಿ ದೂರದ ಮೊಲವನ್ನು ಕಂಡು, ಬೊಗಳದೆ, ಓಡಿ ಹಿಡಿಯುವ ಮೈಕಟ್ಟು ಅದು. ಅದನ್ನು ಚಾರ್ಮಾಡಿ ಘಾಟಿಯ ಹಳುವಿಗೆ ಬಿಟ್ಟರೆ ಕಾಲು ಮುರಿದುಕೊಳ್ಳುತ್ತದೆ. ಮಲೆನಾಡಿನ ಕುಳ್ಳ ನಾಯಿಯನ್ನು ಮುಧೋಳದ ಹೊಲಕ್ಕೆ ಬಿಟ್ಟರೆ ಮೊಲದ ಧೂಳೂ ಸಿಗದು. ಇವೆರಡನ್ನೂ 'ಬೇಟೆ ನಾಯಿ' ಎಂಬ ಒಂದೇ ತಲೆಬರಹದ ಕೆಳಗೆ ಅಂಕ ಹಾಕಿ ತೂಗುವುದರಲ್ಲೇ ಮೊದಲ ಅನ್ಯಾಯ ಶುರುವಾಗುತ್ತದೆ.

ಕಾನೂನು ಎಲ್ಲಿ ಗೆರೆ ಎಳೆದಿದೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎಂಬ ಮಾತಿಗೆ ಕೊಟ್ಟಿರುವ ಅರ್ಥ ವಿಶಾಲವಾದದ್ದು. ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಉರುಳು ಒಡ್ಡುವುದು, ಅಟ್ಟುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಇವುಗಳಿಗೆ ಮಾಡುವ ಪ್ರಯತ್ನ ಕೂಡ ಬೇಟೆಯೇ. ಹೀಗಾಗಿ ಅಮೆರಿಕದಲ್ಲಿ ನಡೆಯುವಂತೆ ಕಾಡುಪ್ರಾಣಿಯ ಹಿಂದೆ ನಾಯಿ ಬಿಟ್ಟು ಅಂಕ ಎಣಿಸುವ ಪಂದ್ಯ ಇಲ್ಲಿ ಅಪರಾಧ. ಪ್ರಾಣಿ ಸಾಯದಿದ್ದರೂ ಅಪರಾಧವೇ. ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಂದ 2017ರ ರಾಜ್ಯ ತಿದ್ದುಪಡಿ ಕಂಬಳ ಮತ್ತು ಎತ್ತಿನಗಾಡಿ ಓಟಕ್ಕೆ ಕೊಟ್ಟ ವಿನಾಯಿತಿಯಲ್ಲಿ ನಾಯಿ ಓಟದ ಹೆಸರಿಲ್ಲ. ನಮ್ಮಲ್ಲಿ ಬೇಟೆ ತಳಿಯ ನಾಯಿಗೆ ಉಳಿದಿರುವ ದಾರಿ, ಮುಖ್ಯವಾಗಿ, ಶ್ವಾನ ಪ್ರದರ್ಶನ.

ಅಂಕ ಹುಟ್ಟುವ ಬಗೆ

ಅಮೆರಿಕದಲ್ಲಿ ರಕೂನ್ ಎಂಬ ಕಾಡುಪ್ರಾಣಿಯನ್ನು ಅಟ್ಟುವ ಬೇಟೆ ನಾಯಿಗಳ ಪಂದ್ಯವನ್ನು ತಿಳಿದುಕೊಂಡರೆ ಹಂಗಾಮಿನ ಅಂಕದ ಲೆಕ್ಕ ಬೇಗ ಅರ್ಥವಾಗುತ್ತದೆ. 1898ರಲ್ಲಿ ಹುಟ್ಟಿದ ಯುನೈಟೆಡ್ ಕೆನಲ್ ಕ್ಲಬ್‌ನ ರಾತ್ರಿ ಪಂದ್ಯದಲ್ಲಿ ಹೆಚ್ಚೆಂದರೆ ನಾಲ್ಕು ನಾಯಿಗಳನ್ನು ಒಂದು ತಂಡವಾಗಿ ಕಾಡಿಗೆ ಬಿಡುತ್ತಾರೆ. ವಾಸನೆ ಹಿಡಿದು ಮೊದಲು ಕೂಗಿದ ನಾಯಿಗೆ 100, ನಂತರದವಕ್ಕೆ 75, 50, 25. ಪ್ರಾಣಿಯನ್ನು ಮರ ಹತ್ತಿಸಿ ಬುಡದಲ್ಲಿ ನಿಂತು ಮೊದಲು ಬೊಗಳಿದ್ದಕ್ಕೆ 125, ಆಮೇಲೆ 75, 50, 25. ಮರದ ಮೇಲೆ ರಕೂನ್ ಕಂಡರೆ ಈ ಅಂಕ ಕೂಡುತ್ತದೆ; ಮರ ಖಾಲಿಯೆಂದು ಖಚಿತವಾದರೆ ಅಷ್ಟೇ ಅಂಕ ಕಳೆಯುತ್ತದೆ. ಸುಳ್ಳು ಬೊಗಳುವ ನಾಯಿಗೆ ಅಲ್ಲಿ ಶಿಕ್ಷೆಯಿದೆ. ಕತ್ತಲಲ್ಲಿ ಕೂಗಿದ್ದು ತನ್ನ ನಾಯಿ ಎಂದು ಮೊದಲು ಹೇಳಬೇಕಾದವನು ಯಜಮಾನ. ನಮ್ಮ ಹಳಬರ ಕಿವಿಯ ವಿದ್ಯೆಯನ್ನೇ ಅಲ್ಲಿ ನಿಯಮವಾಗಿ ಬರೆದಿಟ್ಟಿದ್ದಾರೆ.

ಒಂದು ರಾತ್ರಿಯ ಮಟ್ಟಿಗೆ ಇದು ತಕ್ಕಮಟ್ಟಿಗೆ ನ್ಯಾಯವಾದ ತಕ್ಕಡಿ. ಗೆದ್ದ ರಾತ್ರಿಗಳನ್ನೆಲ್ಲ ಕೂಡಿಸಿ ವರ್ಷದ ಶ್ರೇಷ್ಠ ನಾಯಿಯನ್ನು ಆರಿಸಲು ಹೊರಟಾಗ ತೊಡಕು ಬರುತ್ತದೆ. ಹೆಚ್ಚು ರಾತ್ರಿ ಹೊರಟವನಿಗೆ ಹೆಚ್ಚು ಅಂಕ. ದೂರದ ರಾಜ್ಯಗಳಿಗೆ ವಾರವಾರ ಗಾಡಿ ಓಡಿಸಬಲ್ಲವನು, ನಾಯಿಯನ್ನು ಸಂಬಳದ ಹ್ಯಾಂಡ್ಲರ್ ಕೈಗೆ ಕೊಡಬಲ್ಲವನು ಪಟ್ಟಿಯ ಮೇಲಕ್ಕೇರುತ್ತಾನೆ.

ಶ್ವಾನ ಪ್ರದರ್ಶನದ ಅಂಕ ಇನ್ನೊಂದು ಬಗೆಯದು. ಅಲ್ಲಿ ನಾಯಿ ಏನನ್ನೂ ಹಿಡಿಯಬೇಕಿಲ್ಲ. ತಳಿಗೆ ಬರೆದಿಟ್ಟ ಮಾನದಂಡಕ್ಕೆ ಮೈಕಟ್ಟು, ನಡಿಗೆ, ಹಲ್ಲಿನ ಜೋಡಣೆ ಎಷ್ಟು ಹತ್ತಿರ ಎಂದು ಜಡ್ಜ್ ನೋಡುತ್ತಾರೆ. ತಳಿಯೊಳಗೆ ಗೆದ್ದದ್ದು ಗುಂಪಿಗೆ, ಗುಂಪಿನಲ್ಲಿ ಗೆದ್ದದ್ದು ಇಡೀ ಪ್ರದರ್ಶನದ ಶ್ರೇಷ್ಠ ಸ್ಥಾನಕ್ಕೆ. ವರ್ಷದ ಶ್ರೇಯಾಂಕ ಹಾಕುವಾಗ ಅಮೆರಿಕದಲ್ಲಿ ಪ್ರಚಲಿತವಾದ ಲೆಕ್ಕ ಸೋಲಿಸಿದ ನಾಯಿಗಳ ಎಣಿಕೆ: ಮುನ್ನೂರು ನಾಯಿ ಬಂದ ಪ್ರದರ್ಶನದಲ್ಲಿ ಎಲ್ಲವನ್ನೂ ಮೀರಿಸಿದರೆ 299 ಅಂಕ. ಹೀಗೆ ದೊಡ್ಡ ನಗರದ ದೊಡ್ಡ ಪ್ರದರ್ಶನಕ್ಕೆ ಹೋಗಲೇಬೇಕೆಂಬ ಒತ್ತಡ ಅಂಕದ ಲೆಕ್ಕದಲ್ಲೇ ಅಡಗಿ ಕೂತಿದೆ.

ಮುಧೋಳದ ನಾಯಿಗೆ ಎರಡು ಹೆಸರು

ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿ ಬೆಳೆಸಿದರು. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು ಎಂಬುದು ಆ ಭಾಗದಲ್ಲಿ ಮನೆಮಾತು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಂದ 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೋ ರಾಜಪಾಳಯಂ, ಚಿಪ್ಪಿಪಾರೈ ನಾಯಿಗಳ ಜೊತೆ ಇದನ್ನೂ ಅಧಿಕೃತ ತಳಿಯಾಗಿ ನೋಂದಾಯಿಸಿಕೊಂಡಿದೆ.

ಇಷ್ಟು ಮಾನ ಪಡೆದ ನಾಯಿಗೂ ಪ್ರದರ್ಶನದ ಕಣ ಸುಗಮವಲ್ಲ. ಚೆನ್ನೈನಲ್ಲಿ ಕೇಂದ್ರ ಕಚೇರಿಯಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು 'ಕ್ಯಾರವಾನ್ ಹೌಂಡ್' ಎಂದು ಕರೆಯುತ್ತದೆ. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ 'ಮುಧೋಳ ಹೌಂಡ್' ಎನ್ನುತ್ತದೆ. ಒಂದು ಕಡೆಯ ನೋಂದಣಿಯ ಗೆಲುವು ಇನ್ನೊಂದು ಕಡೆಯ ಲೆಕ್ಕಕ್ಕೆ ಸೇರುವುದಿಲ್ಲ. ಹಳ್ಳಿಯ ಸಾಕಣೆದಾರನ ಮನೆಯಲ್ಲಿ ತಲೆತಲಾಂತರದಿಂದ ಬಂದ ಒಳ್ಳೆಯ ನಾಯಿಗೆ ವಂಶಾವಳಿಯ ಕಾಗದ, ಮೈಕ್ರೋಚಿಪ್ ಇಲ್ಲದಿದ್ದರೆ ಅದು ರಿಂಗಿನ ಹಗ್ಗದ ಆಚೆಯೇ ಉಳಿಯುತ್ತದೆ. ಸ್ವದೇಶಿ ತಳಿಗಳು ಪ್ರದರ್ಶನಕ್ಕೆ ಬರುವುದೇ ಬೆರಳೆಣಿಕೆಯಷ್ಟು. ಹಾಗಾಗಿ ತಳಿಯೊಳಗಿನ ಗೆಲುವು ಸುಲಭ, ಆದರೆ ಸೋಲಿಸಿದ ನಾಯಿಗಳ ಎಣಿಕೆಯಲ್ಲಿ ಅಂಕ ಕಡಿಮೆ. ಸಾವಿರಾರು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳನ್ನು ನೋಡಿದ ಜಡ್ಜ್ ತಮ್ಮ ವೃತ್ತಿಯಲ್ಲಿ ಎಷ್ಟು ಮುಧೋಳದ ನಾಯಿಗಳನ್ನು ಮುಟ್ಟಿ ನೋಡಿರುತ್ತಾರೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡುತ್ತದೆ.

ಕೊಟ್ಟಿಗೆಹಾರದಿಂದ ಹೊರಟರೆ

ಇಲ್ಲಿಂದ ಬೆಂಗಳೂರು ಸುಮಾರು 270 ಕಿ.ಮೀ. ಹೋಗಿ ಬರುವಾಗ 540. ಲೀಟರಿಗೆ 12 ಕಿ.ಮೀ. ಓಡುವ ಜೀಪಿಗೆ 45 ಲೀಟರ್ ಇಂಧನ ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೆ 4,500 ರೂಪಾಯಿ. ಇದು ರಸ್ತೆಯ ಖರ್ಚು ಮಾತ್ರ. ಇದರ ಮೇಲೆ ಎಂಟ್ರಿ ಫೀ, ನಾಯಿಯನ್ನು ಒಳಗೆ ಬಿಡುವ ವಸತಿಗೃಹ, ಊಟ, ಸ್ನಾನ ಮಾಡಿಸಿ ಉಗುರು ಕತ್ತರಿಸುವ ಗ್ರೂಮಿಂಗ್, ಬೇಕಾದರೆ ಹ್ಯಾಂಡ್ಲರ್. ಹಂಗಾಮಿನಲ್ಲಿ ಹತ್ತು ಪ್ರದರ್ಶನಕ್ಕೆ ಹೋಗುವವನಿಗೆ ಇಂಧನವೊಂದೇ 45,000 ರೂಪಾಯಿ. ಬೆಂಗಳೂರಿನಲ್ಲೇ ಮನೆಯಿದ್ದವನಿಗೆ ಈ ಲೆಕ್ಕ ಶುರುವಾಗುವುದೇ ಇಲ್ಲ. ಘಾಟಿ ಇಳಿದರೆ ಮಂಗಳೂರು 100 ಕಿ.ಮೀ. ಆಸುಪಾಸು, ಹತ್ತಿರವೆನಿಸಿದರೂ ಚಾರ್ಮಾಡಿ ಮಳೆಗಾಲದಲ್ಲಿ ಕುಸಿದರೆ ಆ ದಾರಿಯೂ ಬಂದ್.

ದುಡ್ಡಿಗಿಂತ ಕಠಿಣವಾದದ್ದು ಕಾಲ. ಪ್ರದರ್ಶನಗಳು ಹೆಚ್ಚಾಗಿ ನಡೆಯುವುದು ಚಳಿಗಾಲದಲ್ಲಿ. ಕಾಫಿ ಬೆಟ್ಟದಲ್ಲಿ ಅದೇ ಕುಯ್ಲಿನ ಕಾಲ. ನವೆಂಬರಿನಿಂದ ಅರೇಬಿಕಾ ಹಣ್ಣು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಜೊತೆಗೆ ಕಾಳುಮೆಣಸು. ಆಳು ಸಿಗುವ ದಿನ ಕುಯ್ಯಬೇಕು, ಬಿಸಿಲಿರುವ ದಿನ ಕಣದಲ್ಲಿ ಒಣಗಿಸಬೇಕು, ಅಕಾಲ ಮಳೆ ಬಂದರೆ ರಾತ್ರಿಯಲ್ಲೂ ಟಾರ್ಪಾಲು ಹೊದಿಸಬೇಕು. ದೊಡ್ಡ ಎಸ್ಟೇಟಿನ ಮಾಲೀಕ ರೈಟರಿಗೆ ಒಪ್ಪಿಸಿ ಹೊರಡಬಹುದು. ಮೂರು ಎಕರೆಯವನು ಭಾನುವಾರ ಬೆಂಗಳೂರಿಗೆ ಹೋದರೆ ಸೋಮವಾರದ ಕುಯ್ಲು ಕೈತಪ್ಪುತ್ತದೆ. ಲೈನ್ ಮನೆಯ ಕೂಲಿಕಾರನ ನಾಯಿ ಎಷ್ಟೇ ಚುರುಕಾಗಿರಲಿ, ಈ ಸರದಿಯಲ್ಲಿ ಅದರ ಹೆಸರೇ ಬರುವುದಿಲ್ಲ.

ನಾಯಿಯನ್ನು ಪ್ರದರ್ಶನದ ಸ್ಥಿತಿಯಲ್ಲಿ ಉಳಿಸಿಕೊಳ್ಳುವುದೂ ಇಲ್ಲಿ ದುಬಾರಿ. ಮಳೆಗಾಲದ ಇಂಬಳ, ಉಣ್ಣಿ, ಉಣ್ಣಿಯಿಂದ ಬರುವ ಜ್ವರ, ಒದ್ದೆಯಿಂದ ಚರ್ಮದ ಹುಣ್ಣು. ರಾತ್ರಿ ಹೊರಗೆ ಕಟ್ಟಿದರೆ ಚಿರತೆಯ ಭಯ.

ಕೂಡಿಸುವ ಲೆಕ್ಕವೋ, ಆರಿಸುವ ಲೆಕ್ಕವೋ

ಎರಡು ನಾಯಿಗಳನ್ನು ಊಹಿಸಿಕೊಳ್ಳೋಣ. ಒಂದು 20 ಪ್ರದರ್ಶನಕ್ಕೆ ಹೋಗಿ ಪ್ರತಿಸಲ 6 ಅಂಕ ತಂದಿತು, ಒಟ್ಟು 120. ಇನ್ನೊಂದು 6 ಪ್ರದರ್ಶನಕ್ಕೆ ಹೋಗಿ ಪ್ರತಿಸಲ 15 ತಂದಿತು, ಒಟ್ಟು 90. ಕೂಡಿಸುವ ಲೆಕ್ಕದಲ್ಲಿ ಮೊದಲನೆಯದು ವರ್ಷದ ನಾಯಿ. ಪ್ರತಿ ನಾಯಿಯ ಅತ್ಯುತ್ತಮ ಐದು ಫಲಿತಾಂಶ ಮಾತ್ರ ಎಣಿಸಿದರೆ 30ಕ್ಕೆ ಎದುರಾಗಿ 75. ತಕ್ಕಡಿ ಪೂರ್ತಿ ಮಗುಚಿಕೊಳ್ಳುತ್ತದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. 1988ರ ಫಾರ್ಮುಲಾ ಒನ್ ಕಾರ್ ರೇಸಿನ ಹಂಗಾಮಿನಲ್ಲಿ 16 ಪಂದ್ಯಗಳ ಪೈಕಿ ಅತ್ಯುತ್ತಮ 11 ಮಾತ್ರ ಲೆಕ್ಕಕ್ಕೆ ಬರುತ್ತಿದ್ದವು. ಅಲೈನ್ ಪ್ರಾಸ್ಟ್ ಒಟ್ಟು 105 ಅಂಕ ಗಳಿಸಿದ್ದರೂ ಲೆಕ್ಕಕ್ಕೆ ಸಿಕ್ಕಿದ್ದು 87. 94 ಗಳಿಸಿದ್ದ ಐರ್ಟನ್ ಸೆನ್ನಾಗೆ 90 ಸಿಕ್ಕಿ ಪಟ್ಟ ಅವರದಾಯಿತು. ಹೆಚ್ಚು ಪಂದ್ಯ ಗೆದ್ದವರೂ ಅವರೇ. ಎಲ್ಲರೂ ಎಲ್ಲ ಪಂದ್ಯಕ್ಕೂ ಬರುವ ಕ್ರೀಡೆಯಲ್ಲಿ ಇಂಥ ನಿಯಮ ಬೇಕೇ ಎಂದು ವಾದಿಸಬಹುದು. ಎಲ್ಲರೂ ಎಲ್ಲ ಕಡೆ ಬರಲಾಗದ ನಾಯಿಗಳ ಸ್ಪರ್ಧೆಗೆ ಅದು ಬೇಕೇ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬರಿಯ ಸರಾಸರಿ ತೆಗೆದರೆ ಒಂದೇ ಸಲ ಬಂದು ಗೆದ್ದು ಮನೆಯಲ್ಲಿ ಕೂತವನಿಗೆ ಲಾಭ; ಅತ್ಯುತ್ತಮ ನಾಲ್ಕೈದು ಫಲಿತಾಂಶದ ನಿಯಮದಲ್ಲಿ ಆ ದೋಷವೂ ಇಲ್ಲ.

ಘಾಟಿಯ ಕೆಳಗಿನ ಕಂಬಳದಲ್ಲೂ ಹಂಗಾಮಿನ ಕೊನೆಗೆ ಸರಣಿ ಶ್ರೇಷ್ಠ ಪ್ರಶಸ್ತಿಯಿದೆ. ಕೋಣ ಸಾಕುವ ಖರ್ಚಿನ ಮುಂದೆ ಬಹುಮಾನದ ಚಿನ್ನದ ಪವನ್ ಏನೂ ಅಲ್ಲವೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಆದರೆ ಕಂಬಳದವರು ಒಂದು ವಿವೇಕ ತೋರಿದ್ದಾರೆ: ಹಗ್ಗ, ನೇಗಿಲುಗಳಲ್ಲಿ ಹಿರಿಯ, ಕಿರಿಯ ಎಂದು ಬೇರೆ ವಿಭಾಗ, ಅಡ್ಡಹಲಗೆ, ಕನೆಹಲಗೆ ಬೇರೆ. ಹೊಸದಾಗಿ ಕೋಣ ಕಟ್ಟಿದವನು ಮೊದಲ ವರ್ಷವೇ ಪಳಗಿದ ಹಿರಿಯ ಜೋಡಿಯ ಎದುರು ನಿಲ್ಲಬೇಕಿಲ್ಲ. ಮಾಲೀಕನೇ ಹಿಡಿದು ಓಡಿಸುವ ನಾಯಿಗೆ ಒಂದು ವಿಭಾಗ, ಸಂಬಳದ ಹ್ಯಾಂಡ್ಲರ್ ಹಿಡಿದ ನಾಯಿಗೆ ಇನ್ನೊಂದು ಎಂದು ವರ್ಷದ ಪಟ್ಟಿಯಲ್ಲೂ ಬೇರ್ಪಡಿಸಲು ಯಾವ ಅಡ್ಡಿಯೂ ಇಲ್ಲ.

ಪ್ರಾಣಿಯಿಲ್ಲದ ಜಾಡು

ಇಂಗ್ಲೆಂಡಿನ ಉತ್ತರದ ಕಂಬ್ರಿಯಾ ಗುಡ್ಡಗಳಲ್ಲಿ ಜಾಡು ಓಟವೆಂಬ ಪಂದ್ಯವಿದೆ. ಅದರ ಸಂಘ ಹುಟ್ಟಿದ್ದು 1906ರಲ್ಲಿ. ಸೋಂಪಿನಂಥ ವಾಸನೆಯ ಎಣ್ಣೆಗೆ ಪ್ಯಾರಫಿನ್ ಬೆರೆಸಿ ನೆನೆಸಿದ ಬಟ್ಟೆಯನ್ನು ಆಳುಗಳು ಗುಡ್ಡದ ಮೇಲೆ ಎಳೆದುಕೊಂಡು ಹೋಗುತ್ತಾರೆ. ಸುಮಾರು 16 ಕಿ.ಮೀ. ಉದ್ದದ ಆ ಜಾಡನ್ನು ನಾಯಿಗಳು ಮೂಸಿಕೊಂಡು ಓಡುತ್ತವೆ. ಮೊದಲ ನಾಯಿ 25ರಿಂದ 45 ನಿಮಿಷದೊಳಗೆ ಗುರಿ ಮುಟ್ಟಿದರಷ್ಟೇ ಆ ಓಟ ಸಿಂಧು. ಹಂಗಾಮು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಕೊನೆಗೆ ವರ್ಷದ ಚಾಂಪಿಯನ್. ಯಾವ ಕಾಡುಪ್ರಾಣಿಗೂ ತೊಂದರೆಯಿಲ್ಲ. ಮೈಕಟ್ಟಿನ ಬಗ್ಗೆ ಜಡ್ಜ್ ಅಭಿಪ್ರಾಯವೂ ಬೇಕಿಲ್ಲ. ಗೆರೆ ದಾಟಿದ ಮೊದಲ ನಾಯಿಯೇ ಗೆದ್ದದ್ದು. ಪಂದ್ಯಗಳು ಆ ಪ್ರದೇಶದ ಹಳ್ಳಿಗಳಲ್ಲೇ ನಡೆಯುವುದರಿಂದ ಸಾಮಾನ್ಯ ಕೆಲಸಗಾರನೂ ಸಂಜೆ ನಾಯಿ ಹಿಡಿದು ಬರಬಲ್ಲ.

ಮೂಗಿನ ನಾಯಿಗಳ ಸೀಮೆಯಾದ ನಮ್ಮ ಬೆಟ್ಟಕ್ಕೆ ಇದರ ಚಿಕ್ಕ ರೂಪ ಒಗ್ಗುತ್ತದೆ. ಅರಣ್ಯದ ಗಡಿಯಿಂದ ದೂರದ ಖಾಸಗಿ ತೋಟ, ಒಂದು ಫರ್ಲಾಂಗು ಜಾಡು, ಉದ್ದ ಹಗ್ಗದಲ್ಲಿ ಕಟ್ಟಿದ ನಾಯಿ, ಹತ್ತಿರದಲ್ಲಿ ಪಶುವೈದ್ಯರು, ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಬೇಕಾದ ಅನುಮತಿ. ಕುಯ್ಲು ಮುಗಿದು, ಹೂಮಳೆ ಬಿದ್ದು, ತೋಟದಲ್ಲಿ ಕೆಲಸ ಕೊಂಚ ಸಡಿಲಾಗುವ ಏಪ್ರಿಲ್ ತಿಂಗಳ ನಾಲ್ಕು ಭಾನುವಾರ ಬಣಕಲ್, ಬಾಳೂರು, ಕಳಸ, ಕೊಟ್ಟಿಗೆಹಾರದಲ್ಲಿ ಒಂದೊಂದು ಓಟ ಇಟ್ಟು ಅತ್ಯುತ್ತಮ ಮೂರನ್ನು ಎಣಿಸಿದರೆ, ಲೈನ್ ಮನೆಯ ನಾಯಿಯೂ ದೊಡ್ಡ ಖರ್ಚಿಲ್ಲದೆ ಬಂದು ಸಾಲಿನಲ್ಲಿ ನಿಲ್ಲುತ್ತದೆ.