ಕಾನ್ವೆಂಟಿಗೆ ಹಾಕಿದ್ದೇನೆ ಮಾರಾಯ್ರೆ...

ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಲ್ಲ ಉಂಟು, ಮಕ್ಕಳು ಮಾತ್ರ ಕಾಣಸಿಗುವುದಿಲ್ಲ. ಸಲ್ವಾ ರಸ್ತೆಯಿಂದ ಈ ಕಡೆ ತಿರುಗಿದರೆ ಬರೀ ನಂಬರಿನ ಬೀದಿಗಳು. ಗ್ಯಾರೇಜು, ಸ್ಟೀಲ್ ವರ್ಕ್‌ಶಾಪು, ಟಯರ್ ಅಂಗಡಿ, ಗೋದಾಮು, ಅವುಗಳ ನಡುನಡುವೆ ಲೇಬರ್ ಕ್ಯಾಂಪುಗಳು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಷ್ಟು ಸಂಬಳ ಇದ್ದವರು ಪೇಟೆ ಕಡೆ ಫ್ಲ್ಯಾಟ್ ಹಿಡಿದಿರುತ್ತಾರೆ. ಕ್ಯಾಂಪಿನಲ್ಲಿರುವವರೆಲ್ಲ ಒಬ್ಬಂಟಿ ಗಂಡಸರು, ಅಂದರೆ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಅಪ್ಪಂದಿರು. ಶುಕ್ರವಾರ ಬಟ್ಟೆ ಒಗೆದು, ಮೀನು ಸಾರು ಮಾಡಿ ಉಂಡು, ಮಂಚದ ಮೇಲೆ ಕೂತು ಊರಿಗೆ ಫೋನು ಹಚ್ಚಿದರೆ ಮಾತೆಲ್ಲ ಒಂದೇ... ಹೋಂವರ್ಕ್ ಮಾಡಿದ್ಯಾ? ಮಾರ್ಕ್ಸ್ ಎಷ್ಟು? ಟೀಚರ್ ಏನು ಹೇಳಿದ್ರು?

ಮಕ್ಕಳ ಬಗ್ಗೆ ಕೇಳಿದರೆ ನಮ್ಮ ಕರಾವಳಿ ಕಡೆಯವರ ಮೊದಲ ಮಾತು, "ಕಾನ್ವೆಂಟಿಗೆ ಹಾಕಿದ್ದೇನೆ ಮಾರಾಯ್ರೆ." ಹೀಗೆ ಹೇಳುವವರಲ್ಲಿ ಬ್ಯಾರಿಗಳಿದ್ದಾರೆ, ಬಂಟರಿದ್ದಾರೆ, ಬಿಲ್ಲವರಿದ್ದಾರೆ. ಕ್ರೈಸ್ತ ಸನ್ಯಾಸಿನಿಯರ ಮಠ ಎನ್ನುವ ಅರ್ಥ ಆ ಶಬ್ದದಿಂದ ಎಂದೋ ಸೋರಿಹೋಗಿದೆ. ಸರ, ಶಿಸ್ತು, ಇಂಗ್ಲೀಷು, ಬೂಟು, ಟೈ ಎಲ್ಲ ಸೇರಿ ಒಂದು ಕಾನ್ವೆಂಟು. ಯಾಕೆ ಅಲ್ಲಿಗೇ ಅಂತ ಕೇಳಿದರೆ ಉತ್ತರ ಸಿದ್ಧ: "ಅಲ್ಲಿ ಡಿಸಿಪ್ಲಿನ್ ಕಲಿಸ್ತಾರೆ. ನಾನಂತೂ ಊರಲ್ಲಿಲ್ಲ. ಯಾರಾದ್ರೂ ಮಕ್ಕಳನ್ನು ತಿದ್ದಬೇಕಲ್ಲ?"

ಯಾರಾದ್ರೂ ತಿದ್ದಬೇಕಲ್ಲ! ಪಾದ್ರಿಗಳ ಶಾಲೆಯಲ್ಲಿ ಮಕ್ಕಳ ನಡತೆ ತಿದ್ದುತ್ತದೆ ಅನ್ನುವ ಈ ನಂಬಿಕೆ ನಮಗೆ ಬಂದದ್ದು ಎಲ್ಲಿಂದ? ನಾನೂ ಕಲಿತದ್ದು ಒಂದು ಮಿಶನ್ ಶಾಲೆಯಲ್ಲೇ. ಕ್ರೈಸ್ತ ಹುಡುಗರು ಎದ್ದು ಕ್ಯಾಟೆಕಿಸಂ ಕ್ಲಾಸಿಗೆ ಹೋಗುತ್ತಿದ್ದರು, ಉಳಿದ ನಮಗೆ ಮಾರಲ್ ಸೈನ್ಸ್. ಆ ಪುಸ್ತಕದಲ್ಲಿದ್ದ ಒಂದು ಕಥೆಯೂ ಈಗ ನೆನಪಿಲ್ಲ. ನೆನಪಿರುವುದು ಗಂಟೆ. ಗಂಟೆ ಬಾರಿಸಿದ ಮೇಲೆ ಗೇಟಿನ ಹೊರಗೆ ನಿಂತವನ ಎದೆ ಡವಡವ. ಇರಲಿ, ವಿಷಯಕ್ಕೆ ಬರೋಣ.

ಪಾದ್ರಿಗಳು ಬರುವ ಮುಂಚೆ ನಮ್ಮಲ್ಲಿ ಶಾಲೆಗಳೇ ಇರಲಿಲ್ಲ ಅಂತ ತಿಳಿದವರು ತುಂಬ ಜನ ಇದ್ದಾರೆ. ಅದು ಸುಳ್ಳು. ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಆ ಒಂದು ಜಿಲ್ಲೆಯಲ್ಲೇ 533 ಊರ ಶಾಲೆಗಳ ಲೆಕ್ಕ ಉಂಟು. ಮರಳಿನ ಮೇಲೆ ಅಕ್ಷರ, ಮಗ್ಗಿ, ಅಮರಕೋಶ, ಕಾವ್ಯದ ಪದ್ಯಗಳು, ಎಲ್ಲ ಬಾಯಿಪಾಠ. ಕ್ಯಾಂಪ್‌ಬೆಲ್ ಸಾಹೇಬನ ದೂರು ಏನಪ್ಪಾ ಅಂದರೆ, ಮಕ್ಕಳು ಹಳೆಯ ಪದ್ಯಗಳನ್ನು ಪಟಪಟ ಹೇಳುತ್ತಾರೆ, ಅರ್ಥ ಮಾತ್ರ ಗೊತ್ತಿಲ್ಲ. ಜೊತೆಗೆ ಇನ್ನೊಂದು ಮಾತು ನಾವು ಸೇರಿಸಿಕೊಳ್ಳಬೇಕು. ಆ ಶಾಲೆಗಳ ಜಗಲಿ ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳು ಇಲ್ಲ ಅನ್ನುವಷ್ಟು ಕಡಿಮೆ, ಕೆಲವು ಜಾತಿಯವರಿಗಂತೂ ಹತ್ತಿರ ಸುಳಿಯುವಂತೆಯೂ ಇರಲಿಲ್ಲ.

1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದರು. ಎರಡು ವರ್ಷ ಬಿಟ್ಟು 1836ರಲ್ಲಿ ಬಂದವರು ಹರ್ಮನ್ ಮೋಗ್ಲಿಂಗ್. ಮೋಗ್ಲಿಂಗ್ ಅಂದ ಕೂಡಲೇ ನಮಗೆ ನೆನಪಾಗುವುದು 1843ರ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ. ಆದರೆ ಪತ್ರಿಕೆ ಅವರ ಒಂದು ಕೆಲಸ ಅಷ್ಟೇ. ಅವರು ಹೆಚ್ಚು ಹೊತ್ತು ಕಳೆದದ್ದು ಹುಡುಗರ ಜೊತೆ. ಕಲೆಕ್ಟರ್ ಬ್ಲೇರ್ ಬಲ್ಮಠದ ಗುಡ್ಡದ ಜಾಗವನ್ನು ಮಿಶನ್ನಿಗೆ ಕೊಟ್ಟ ಮೇಲೆ ಅಲ್ಲಿ ಬೋರ್ಡಿಂಗ್ ಶಾಲೆ ಬೆಳೆಯಿತು. ಮೋಗ್ಲಿಂಗ್ ಹುಡುಗರ ಜೊತೆಯಲ್ಲೇ ಇದ್ದು ಅವರು ತಿನ್ನುವುದನ್ನೇ ತಿನ್ನುತ್ತಿದ್ದರು. 1847ರಲ್ಲಿ ಅಲ್ಲಿಯೇ ಉಪದೇಶಿಗಳನ್ನು ತಯಾರು ಮಾಡುವ ಸೆಮಿನರಿ ಶುರುವಾಯಿತು. ಇವತ್ತಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಬೇರು ಇದೇ.

ಬೋರ್ಡಿಂಗ್ ಶಾಲೆಯ ಹಿಂದಿನ ಲೆಕ್ಕಾಚಾರ ಸರಳ. ಮಗುವನ್ನು ಮನೆಯಿಂದ ಬಿಡಿಸಿ ತಂದರೆ ಮಾತ್ರ ಹೊಸ ನಡತೆ ಕಲಿಸಬಹುದು ಅಂತ. ಏಳುವುದಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ, ಪಾಠಕ್ಕೆ ಗಂಟೆ. ಅಲ್ಲಿ ಮಕ್ಕಳಿದ್ದರು, ಅಪ್ಪ ಅಮ್ಮ ಇರಲಿಲ್ಲ. ನಮ್ಮ ಇಂಡಸ್ಟ್ರಿಯಲ್ ಏರಿಯಾದ್ದು ಅದರ ತದ್ವಿರುದ್ಧ.

ಆದರೆ ನನಗೆ ಮೋಗ್ಲಿಂಗ್ ಇಷ್ಟವಾಗುವುದು ಗಂಟೆಯ ಕಾರಣಕ್ಕಲ್ಲ. ಅವರು ಟ್ಯೂಬಿಂಗನ್ನಿನಲ್ಲಿ ದೇವಶಾಸ್ತ್ರ ಓದಿ ಬಂದವರು. ಯುರೋಪಿನಲ್ಲಿ ಆಗ ಓದಿದವನು ಅಂದರೆ ಲ್ಯಾಟಿನ್, ಗ್ರೀಕ್ ಹಳೆಯ ಕೃತಿಗಳನ್ನು ಓದಿ ಬೆಳೆದವನು ಅಂತಲೇ ಅರ್ಥ. ಅಂಥವರು ಮಂಗಳೂರಿಗೆ ಬಂದು, ಇಲ್ಲಿಯ ಹುಡುಗರಿಗೆ ವರ್ಜಿಲ್ ಸಿಸೆರೋ ತಂದು ಸುರಿಯಬಹುದಿತ್ತು. ಅವರು ಮಾಡಿದ್ದು ಬೇರೆ. 1848ರಿಂದ 1853ರ ವರೆಗೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಕನ್ನಡದ ಹಳೆಯ ಕೃತಿಗಳನ್ನೇ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು: ಬಸವಪುರಾಣ, ಜೈಮಿನಿ ಭಾರತ, ದಶಪರ್ವ ಭಾರತ, ದಾಸರ ಪದಗಳು. ಖರ್ಚಿಗೆ ನಿಂತವರು ಕಾಸಾಮೇಜರ್ ಎಂಬ ನಿವೃತ್ತ ಜಡ್ಜ್. ಜೊತೆಗೆ ಮೋಗ್ಲಿಂಗ್ ಕನ್ನಡದ ಸಾವಿರಾರು ಗಾದೆಗಳನ್ನು ಕಲೆಹಾಕಿದರು. ಅವರ ಸಂಗಡಿಗ ವೈಗ್ಲೆಯಂತೂ ಕನ್ನಡ ಸಾಹಿತ್ಯದ ಬಗ್ಗೆ ಜರ್ಮನ್ ಪತ್ರಿಕೆಯಲ್ಲಿ ಲೇಖನವನ್ನೇ ಬರೆದರು.

ಉದ್ದೇಶ ಮತಪ್ರಚಾರವೇ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಜನರ ಮನಸ್ಸಿಗೆ ಹೋಗಬೇಕಾದರೆ ಜನ ಬಾಯಿಪಾಠ ಮಾಡಿದ್ದನ್ನು ನಾವೂ ಓದಬೇಕು ಅನ್ನುವುದು ಅವರ ಲೆಕ್ಕ. ಆದರೂ ನೋಡಿ, ಯೇಸುವಿನ ಕಥೆ ಹೇಳಲು ಬಂದವರ ಕಲ್ಲಚ್ಚಿನಿಂದ ಪುರಂದರದಾಸರ ಪದ ಹೊರಗೆ ಬಂತು! ಬಳ್ಳಾರಿಯ ಜಗಲಿಯಲ್ಲಿ ಬಾಯಿಪಾಠವಾಗುತ್ತಿದ್ದಂಥ ಹಳೆಯ ಪದ್ಯಗಳು ಪುಸ್ತಕವಾಗಿ ಕೈಗೆ ಬಂದವು. ಇದಕ್ಕಾಗಿಯೇ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮುಂದೆ ಕಿಟೆಲ್ ಇದೇ ದಾರಿ ಹಿಡಿದು ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಅಚ್ಚು ಹಾಕಿಸಿ, 1894ರಲ್ಲಿ ನಿಘಂಟು ಕೊಟ್ಟದ್ದು ನಿಮಗೆಲ್ಲ ಗೊತ್ತೇ ಇದೆ.

ಈಗ ಅಮೆರಿಕಾದಲ್ಲಿ 'ಕ್ಲಾಸಿಕಲ್ ಕ್ರಿಶ್ಚಿಯನ್' ಶಾಲೆಗಳು ಅಂತ ಒಂದು ದೊಡ್ಡ ಅಲೆ ಉಂಟು. ಅದರ ಮೂಲಕ್ಕೆ ಹೋದರೆ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ ಡೊರೊಥಿ ಸೇಯರ್ಸ್ ಎಂಬಾಕೆ 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಭಾಷಣ ಸಿಗುತ್ತದೆ. ಮೊದಲು ವ್ಯಾಕರಣ, ಆಮೇಲೆ ತರ್ಕ, ಕೊನೆಗೆ ಮಾತುಗಾರಿಕೆ ಎನ್ನುವ ಮಧ್ಯಯುಗದ ಪಾಠಕ್ರಮವನ್ನೇ ಮಕ್ಕಳ ವಯಸ್ಸಿಗೆ ಹೊಂದಿಸಿದರೆ ಹೇಗೆ ಅಂತ ಆಕೆ ಕೇಳಿದರು. ಸಣ್ಣ ಮಕ್ಕಳದ್ದು ಗಿಣಿಯ ವಯಸ್ಸು, ಅರ್ಥವಾಗದಿದ್ದರೂ ಬಾಯಿಪಾಠ ಮಾಡಿಸಿ. ಸ್ವಲ್ಪ ದೊಡ್ಡವರದ್ದು ಎದುರುತ್ತರದ ವಯಸ್ಸು, ವಾದ ಮಾಡುವುದು ಕಲಿಸಿ. ಹದಿಹರೆಯದಲ್ಲಿ ತನ್ನ ಮಾತು ತಾನು ಕಟ್ಟಿಕೊಳ್ಳಲಿ. 1981ರಲ್ಲಿ ಐಡಾಹೋ ರಾಜ್ಯದಲ್ಲಿ ಶುರುವಾದ ಲೋಗೋಸ್ ಶಾಲೆ ಇದನ್ನು ಕಾರ್ಯಕ್ಕೆ ಇಳಿಸಿತು. ಓದಿದಾಗ ನನಗೆ ನಗು ಬಂತು. ಗಿಣಿಯ ವಯಸ್ಸಿನ ಪಾಠ ನಮ್ಮ ಅಯ್ಯಗಳ ಮಠದಲ್ಲಿ ಇದ್ದೇ ಇತ್ತಲ್ಲ! ಇಲ್ಲದ್ದು ಆಮೇಲಿನ ಎರಡು ಮೆಟ್ಟಿಲು.

ಕ್ಯಾಥೊಲಿಕರ ಕಥೆ ಬೇರೆ. ಮಂಗಳೂರಿನ ಕ್ಯಾಥೊಲಿಕರು ಬೇಡಿಕೊಂಡ ಮೇಲೆ 1878ರ ಕೊನೆಗೆ ಇಟಲಿಯ ಜೆಸ್ವಿಟ್ ಪಾದ್ರಿಗಳು ಬಂದು ಇಳಿದರು. 1880ರ ಜನವರಿಯಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಶುರು. (2024ರಿಂದ ಅದು ಡೀಮ್ಡ್ ವಿಶ್ವವಿದ್ಯಾಲಯ.) ಇವರ ಕೈಯಲ್ಲಿ 1599ರಲ್ಲಿ ರೋಮಿನಲ್ಲಿ ಸಿದ್ಧವಾದ 'ರಾಶಿಯೋ ಸ್ಟೂಡಿಯೋರಂ' ಎಂಬ ಪಾಠನಿಯಮ ಇತ್ತು. ಲ್ಯಾಟಿನ್, ವ್ಯಾಕರಣ, ಭಾಷಣ, ನಾಟಕ, ಹುಡುಗರ ನಡುವೆ ಪೈಪೋಟಿ, ಗೆದ್ದವನಿಗೆ ಬಹುಮಾನ. ಚೆನ್ನಾಗಿ ಮಾತಾಡಲು ಕಲಿತವನು ಚೆನ್ನಾಗಿ ಬಾಳಲೂ ಕಲಿಯಬೇಕು ಅನ್ನುವುದು ಅದರ ಜೀವಾಳ. ನಮ್ಮ ಶಾಲೆಗಳ ಎಲೊಕ್ಯೂಷನ್ನು, ಪ್ರೈಝ್ ಡೇ, ಆ್ಯನ್ಯುವಲ್ ಡೇ ನಾಟಕ, ಇವುಗಳಲ್ಲೆಲ್ಲ ಅದರ ನೆರಳು ಉಂಟು.

ಆ ಕಾಲೇಜಿನ ಚಾಪೆಲ್ಲಿಗೆ ನೀವು ಹೋಗಿರಬಹುದು. ಗೋಡೆ, ಮಾಡು ಒಂದಿಂಚೂ ಬಿಡದೆ ಚಿತ್ರ. 1899ರಲ್ಲಿ ಬಂದ ಆಂಟೋನಿಯೋ ಮೊಸ್ಕೇನಿ ಎಂಬ ಇಟಲಿಯ ಜೆಸ್ವಿಟ್ ಬ್ರದರ್ ಬಿಡಿಸಿದ್ದು. ನಾವು ಪ್ರವಾಸಿಗರು ಕತ್ತು ಮೇಲೆ ಮಾಡಿ ಫೋಟೋ ತೆಗೆದು ಬರುತ್ತೇವೆ. ಅದು ಹುಡುಗರಿಗಾಗಿ ಬರೆದ ಪಾಠ ಅನ್ನುವುದು ಹೊಳೆಯುವುದಿಲ್ಲ. ಮಾಡಿನಲ್ಲಿರುವುದು ಅಲೋಶಿಯಸ್ ಗೊನ್ಜಾಗನ ಬದುಕು. ದೊಡ್ಡ ಮನೆತನದ ಹಿರಿಮಗ ಆಸ್ತಿ ಅಧಿಕಾರ ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟ್ ಸೇರುತ್ತಾನೆ. ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಆರೈಕೆಗೆ ನಿಂತು 1591ರಲ್ಲಿ ಸಾಯುತ್ತಾನೆ. ಆಗ ಅವನಿಗೆ ಬರೀ 23 ವರ್ಷ, ಕೆಳಗೆ ಬೆಂಚಿನಲ್ಲಿ ಕೂತ ಹುಡುಗರಿಗಿಂತ ನಾಲ್ಕೈದು ವರ್ಷ ದೊಡ್ಡವನು ಅಷ್ಟೇ. ಉಪದೇಶಕ್ಕಿಂತ ಇದು ಹೆಚ್ಚು ನಾಟುತ್ತದೆ ಅಂತ ಆ ಪಾದ್ರಿಗಳಿಗೆ ಗೊತ್ತಿತ್ತು. ಚಿತ್ರವೂ ಸಾಲದಿದ್ದರೆ ಕಂಕನಾಡಿಗೆ ಹೋಗಿ ನೋಡಬಹುದಿತ್ತು. ಅಲ್ಲಿ ಫಾದರ್ ಮುಲ್ಲರ್ 1880ರಿಂದ ಹೋಮಿಯೋಪಥಿ ಮದ್ದು ಕೊಡುತ್ತಿದ್ದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು.

ಆದರೆ ಊರಿನ ಜನ ಮಕ್ಕಳನ್ನು ಅಲ್ಲಿಗೆ ಕಳಿಸಿದ್ದು ಗೊನ್ಜಾಗನನ್ನು ನೋಡಲಿ ಅಂತಲ್ಲ. ಇಂಗ್ಲೀಷು ಕಲಿತರೆ ಕೋರ್ಟು ಕಚೇರಿಯಲ್ಲಿ ಕೆಲಸ. ಹಡಗು ಹತ್ತಿ ಬೊಂಬಾಯಿಗೆ ಹೋಗಬಹುದು. ಶಿಸ್ತು ಅದರ ಜೊತೆ ಪುಕ್ಕಟೆ ಬಂತು, ಬೇಡ ಅನ್ನಲಿಲ್ಲ. ಕಾನ್ವೆಂಟಿಗೆ ಹಾಕಿದ್ದೇನೆ ಅನ್ನುವ ಮಾತಿನ ಹಿಂದೆ ನೂರು ವರ್ಷ ಹಳೆಯ ಈ ಲೆಕ್ಕ ಇದೆ. ತಪ್ಪು ಅಂತ ನಾನು ಹೇಳಲಾರೆ, ನನ್ನ ಕೈಯಲ್ಲಿ ಈ ವೀಸಾ ಇರುವುದೂ ಅದೇ ಲೆಕ್ಕದಿಂದ.

ಆದರೆ ಆ ಲೆಕ್ಕದಲ್ಲಿ ಕಳೆದುಕೊಂಡ ಒಂದನ್ನು ನಾನು ಇಲ್ಲಿ ವಾರವಾರ ನೋಡುತ್ತೇನೆ. ನಮ್ಮ ವರ್ಕ್‌ಶಾಪಿನ ಫೋರ್‌ಮನ್ ಮಂಗಳೂರು ಕಡೆಯ ಕ್ಯಾಥೊಲಿಕರು, ನಾವು ಕರೆಯುವುದು ಪೊರ್ಬುಗಳೇ ಅಂತ. ಫ್ಯಾಮಿಲಿ ಇಲ್ಲೇ ಉಂಟು. ಶುಕ್ರವಾರ ಮಗನನ್ನು ಅಬು ಹಮೂರಿನ ಚರ್ಚಿಗೆ ಕ್ಯಾಟೆಕಿಸಂಗೆ ಬಿಡುತ್ತಾರೆ. 2008ರಲ್ಲಿ ತೆರೆದ ಆ ಚರ್ಚು ನಮ್ಮ ಇಂಡಸ್ಟ್ರಿಯಲ್ ಏರಿಯಾಕ್ಕೆ ದೂರವೇನಲ್ಲ. ಹುಡುಗ ಪ್ರಾರ್ಥನೆಯನ್ನೆಲ್ಲ ಇಂಗ್ಲೀಷಿನಲ್ಲಿ ಗಡಗಡ ಹೇಳುತ್ತಾನೆ. ಊರಿಂದ ಅಜ್ಜಿ ಫೋನಿನಲ್ಲಿ ಕೊಂಕಣಿಯಲ್ಲಿ ಬುದ್ಧಿ ಹೇಳಿದರೆ ಅಪ್ಪನ ಮುಖ ನೋಡುತ್ತಾನೆ. "ಅವನಿಗೆ ಎಲ್ಲ ಗೊತ್ತುಂಟು ಮಾರಾಯ್ರೆ, ಬೈದರೆ ಮಾತ್ರ ಅರ್ಥ ಆಗೋದಿಲ್ಲ" ಅಂತ ಪೊರ್ಬುಗಳು ನಗುತ್ತಾರೆ. ನಮ್ಮ ಕನ್ನಡದ ಮಕ್ಕಳ ಕಥೆಯೂ ಅದೇ. ಹರಿಶ್ಚಂದ್ರನ ಕಥೆಯನ್ನು ಕಾರ್ಟೂನಿನ ಇಂಗ್ಲೀಷಿನಲ್ಲಿ ನೋಡುತ್ತಾರೆ. ಮನೆಯ ಭಾಷೆ ಬಿಟ್ಟು ನಡತೆ ಕಲಿಸಲು ಆಗುವುದಿಲ್ಲ ಅಂತ ಕಂಡುಕೊಂಡವನು ಒಬ್ಬ ಜರ್ಮನ್ ಪಾದ್ರಿ, ಅದನ್ನು ಮರೆತವರು ನಾವು.

ಹಾಗಂತ ಮೋಗ್ಲಿಂಗರ ಶಾಲೆಯನ್ನು ಹೊಗಳಿ ಬಿಟ್ಟರೆ ಅರ್ಧ ಕಥೆ ಹೇಳಿದ ಹಾಗೆ. ನಡತೆ ತಿದ್ದುತ್ತೇವೆ ಅಂದವರು ಎಲ್ಲಿಯವರೆಗೆ ತಿದ್ದುತ್ತಾರೆ ಅನ್ನುವ ಪ್ರಶ್ನೆ 1844ರಲ್ಲಿ ಮಂಗಳೂರನ್ನೇ ಅಲ್ಲಾಡಿಸಿತು. ಮಿಶನ್ನಿನ ಇಂಗ್ಲೀಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ, ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಜೊತೆಯವರೊಂದಿಗೆ ದೀಕ್ಷಾಸ್ನಾನ ಪಡೆದ. ಊರಲ್ಲಿ ದೊಡ್ಡ ಗಲಾಟೆ. ಮಕ್ಕಳನ್ನು ಶಾಲೆ ಬಿಡಿಸಿದರು. ಕಲಿಯಲಿ ಅಂತ ಕಳಿಸಿದ ಮಗ ಇನ್ನು ಮನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರುವಂತಿಲ್ಲ! ಆ ಮನೆಯವರ ಸಂಕಟ ಮಿಶನ್ನಿನ ಚರಿತ್ರೆಗಳಲ್ಲಿ ಎಷ್ಟು ಬಂದಿದೆಯೋ, ಹೆಚ್ಚಿನವು ಗೆಲುವಿನ ಕಥೆಯಾಗಿಯೇ ಹೇಳುತ್ತವೆ. ನಾನು ಓದುವಾಗ ಆ ಅಪ್ಪ ಅಮ್ಮನ ಕಡೆಗೇ ಮನಸ್ಸು ಎಳೆಯುತ್ತದೆ, ಬಹುಶಃ ದೂರದಲ್ಲಿ ಮಕ್ಕಳಿರುವವರ ಜೊತೆ ದಿನಾ ಕೂತು ಏಳುವುದರಿಂದ ಇರಬೇಕು.

ಕೌಂಡಿನ್ಯ 1846ರಲ್ಲಿ ಬಾಸೆಲ್‌ಗೆ ಹೋದರು. ಐದು ವರ್ಷ ಅಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಹರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಹೆಸರಿನಲ್ಲಿ ಮಂಗಳೂರಿಗೆ ವಾಪಸು ಬಂದು, ಬಲ್ಮಠದ ಸೆಮಿನರಿಯಲ್ಲಿ ಮೇಷ್ಟ್ರಾದರು. ಗುರುವಿನ ಹೆಸರು ಮುಂದೆ, ಮನೆಯವರ ಹೆಸರು ಹಿಂದೆ. ಮನೆಯ ಹೆಸರನ್ನು ಅವರು ಬಿಡಲಿಲ್ಲ ನೋಡಿ.

ಮೋಗ್ಲಿಂಗ್ ಆ ಹೊತ್ತಿಗೆ ಕೊಡಗಿನ ಕಡೆ ಹೊರಟಿದ್ದರು. ಅಲ್ಲಿ ಗದ್ದೆ ತೋಟಗಳಲ್ಲಿ ಜೀತಕ್ಕೆ ಬಿದ್ದ, ಅಂಗೈಯಗಲ ನೆಲವಿಲ್ಲದ ಹೊಲೆಯ ಸಮುದಾಯದವರ ಪಾಡು ಕಂಡರು. ಗುರು ಶಿಷ್ಯ ಇಬ್ಬರೂ ಸೇರಿ ಅವರಿಗಾಗಿ ಒಂದು ಊರನ್ನೇ ಕಟ್ಟಲು ಹೊರಟರು. ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಹೋದವರು ಮತ್ತೆ ಬರಲಿಲ್ಲ, 1881ರಲ್ಲಿ ತೀರಿಕೊಂಡರು. ಕೌಂಡಿನ್ಯ 1893ರ ವರೆಗೆ ಬದುಕಿದ್ದರು. ಜಾತಿಯಿಂದ ಹೊರಬಿದ್ದ ಬ್ರಾಹ್ಮಣನೊಬ್ಬ ಜಾತಿಯ ಕಟ್ಟಕಡೆಗೆ ತಳ್ಳಲ್ಪಟ್ಟವರ ಜೊತೆ ನಿಂತು ಕಟ್ಟಿದ ಆ ಊರು ಕೊಡಗಿನ ಸಿದ್ದಾಪುರದ ಹತ್ತಿರ ಇವತ್ತಿಗೂ ಇದೆ. ಹೆಸರು ಆನಂದಪುರ.