ಅಮಲಿಗೆ ಅಳತೆಗೋಲು

ಭಂಗಿ ಸೊಪ್ಪು, ಗಾಂಜಾ ಎಂಬ ಹೆಸರುಗಳು ನಮ್ಮ ಜನಕ್ಕೆ ಹೊಸವಲ್ಲ. ಇವುಗಳ ಸೇವನೆಯಿಂದ ಆಗುವ ಕೆಡುಕೆಷ್ಟು ಎಂಬುದನ್ನು ವಿಚಾರಿಸಲು 1893ರಲ್ಲಿಯೇ ಬ್ರಿಟಿಷ್ ಸರ್ಕಾರವು ಇಲ್ಲಿ ಒಂದು ಆಯೋಗವನ್ನು ನೇಮಿಸಿತ್ತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿದ ಆ ಆಯೋಗ, ಮಿತವಾದ ಸೇವನೆಯಿಂದ ಹೆಚ್ಚಿನ ಹಾನಿಯಿಲ್ಲ, ಅತಿಯಾದರೆ ಕೇಡು ಎಂಬ ತೀರ್ಮಾನಕ್ಕೆ ಬಂದಿತು. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಆಗ ನಮ್ಮ ದಾರಿಗಳಲ್ಲಿ ಓಡಾಡುತ್ತಿದ್ದುದು ಎತ್ತಿನ ಗಾಡಿ. ಗಾಡಿಯವನು ತೂಕಡಿಸಿದರೂ ಎತ್ತುಗಳು ಮನೆಯ ದಾರಿಯನ್ನು ಬಲ್ಲವು. ಮೋಟಾರಿಗೆ ಆ ತಿಳಿವಳಿಕೆ ಇಲ್ಲ.

ಮೋಟಾರು ಬಂದ ಮೇಲೆ ಮೊದಲು ಎದ್ದ ಪ್ರಶ್ನೆ ಮದ್ಯಪಾನದ್ದು. 1897ರಲ್ಲಿ ಲಂಡನ್ನಿನ ಜಾರ್ಜ್ ಸ್ಮಿತ್ ಎಂಬ ಬಾಡಿಗೆ ಕಾರಿನ ಚಾಲಕನು ಕುಡಿದು ಓಡಿಸಿ, ಕಟ್ಟಡವೊಂದಕ್ಕೆ ಗುದ್ದಿ ದಂಡ ತೆತ್ತನು. ಕುಡಿದವನನ್ನು ಆಗ ಗುರುತಿಸುತ್ತಿದ್ದುದು ನಡಿಗೆಯಿಂದ, ಮಾತಿನಿಂದ, ಬಾಯಿಯ ವಾಸನೆಯಿಂದ. ನಾರ್ವೆ ದೇಶವು 1936ರಲ್ಲಿ ರಕ್ತದಲ್ಲಿರುವ ಮದ್ಯಸಾರಕ್ಕೆ ಕಾನೂನಿನ ಮಿತಿಯೊಂದನ್ನು ಗೊತ್ತುಮಾಡಿತು. 1954ರಲ್ಲಿ ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ ಉಸಿರನ್ನು ಅಳೆಯುವ ಯಂತ್ರವನ್ನು ರೂಪಿಸಿದನು. ಅವನೇ ಗ್ರ್ಯಾಂಡ್ ರ್‍ಯಾಪಿಡ್ಸ್ ಪಟ್ಟಣದಲ್ಲಿ ಅಪಘಾತಕ್ಕೆ ಸಿಕ್ಕಿದ ಚಾಲಕರನ್ನೂ, ಅದೇ ಬಗೆಯ ಸ್ಥಳ ಕಾಲಗಳಲ್ಲಿ ಸುರಕ್ಷಿತವಾಗಿ ಸಾಗಿದ ಚಾಲಕರನ್ನೂ ಹೋಲಿಸಿ, ರಕ್ತದಲ್ಲಿ ಮದ್ಯ ಏರಿದಂತೆ ಅಪಾಯವೂ ಏರುತ್ತದೆಂದು 1964ರಲ್ಲಿ ತೋರಿಸಿಕೊಟ್ಟನು.

ಅದೇ 1964ರಲ್ಲಿ ಇಸ್ರೇಲಿನ ಮೆಷೌಲಂ ಮತ್ತು ಗಾವೊನಿ ಎಂಬ ವಿಜ್ಞಾನಿಗಳು ಭಂಗಿಯಲ್ಲಿ ಅಮಲು ತರುವ ಸಾರವನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಇದಕ್ಕೆ ಟಿ.ಎಚ್.ಸಿ. ಎಂದು ಹೆಸರು. ಇನ್ನೇನು, ಗಾಂಜಾಕ್ಕೂ ಅಳತೆಗೋಲು ಸಿಕ್ಕಿತೆಂದು ತೋರಬಹುದು. ಹಾಗಾಗಲಿಲ್ಲ. ಮದ್ಯವು ನೀರಿನಲ್ಲಿ ಬೆರೆಯುವ ವಸ್ತು. ರಕ್ತದಲ್ಲಿ ಎಷ್ಟಿದೆಯೋ ಅಮಲೂ ಹೆಚ್ಚು ಕಡಮೆ ಅದಕ್ಕೆ ತಕ್ಕಷ್ಟು. ಟಿ.ಎಚ್.ಸಿ.ಯಾದರೋ ಕೊಬ್ಬಿನಲ್ಲಿ ಸೇರಿಕೊಳ್ಳುವಂಥದು. ಸೇದಿದ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ಮೇಲಕ್ಕೇರಿ ಬೇಗನೆ ಇಳಿದುಬಿಡುತ್ತದೆ. ಅಮಲು ಮಾತ್ರ ಗಂಟೆಗಟ್ಟಲೆ ಉಳಿಯುತ್ತದೆ. ನಿತ್ಯ ಸೇದುವವನಲ್ಲಿ, ಅಮಲು ಇಳಿದು ದಿನಗಳಾದರೂ ಅದರ ಅಂಶ ರಕ್ತದಲ್ಲಿ ಕಾಣಬಹುದು. ಹೀಗಾಗಿ ಒಂದು ಸಂಖ್ಯೆಯನ್ನು ಹಿಡಿದು, ಇವನು ಮತ್ತನು, ಇವನು ಅಲ್ಲ ಎಂದು ಹೇಳುವುದು ಕಷ್ಟ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯವು 2004ರಲ್ಲಿ ರಸ್ತೆಯ ಬದಿಯಲ್ಲೇ ಎಂಜಲಿನ ಪರೀಕ್ಷೆಯನ್ನು ಆರಂಭಿಸಿತು. ಆ ಪರೀಕ್ಷೆ ವಸ್ತುವಿನ ಇರವನ್ನು ಹೇಳುತ್ತದೆ, ಅಮಲಿನ ಪ್ರಮಾಣವನ್ನಲ್ಲ.

ಅಳತೆಯ ಈ ತೊಡಕಿನಿಂದ ಅಧ್ಯಯನಗಳ ಫಲಿತಾಂಶಗಳೂ ಒಂದೇ ಬಗೆಯಾಗಿಲ್ಲ. 2012ರಲ್ಲಿ ಕೆನಡಾದ ವಿದ್ವಾಂಸರು ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ, ಗಾಂಜಾ ಸೇವಿಸಿ ಓಡಿಸುವವರಿಗೆ ಅಪಘಾತದ ಸಂಭವ ಸುಮಾರು ಎರಡರಷ್ಟೆಂದೂ, ಪ್ರಾಣಾಂತಕ ಅಪಘಾತಗಳಲ್ಲಿ ಈ ಸಂಬಂಧ ಇನ್ನೂ ಗಟ್ಟಿಯೆಂದೂ ಕಂಡರು. ಅಮೆರಿಕದ ವರ್ಜೀನಿಯ ಬೀಚ್ ಪಟ್ಟಣದ ಅಧ್ಯಯನವು 2015ರಲ್ಲಿ ಹೊರಬಂದಾಗ, ವಯಸ್ಸು, ಲಿಂಗ, ಮದ್ಯ ಮೊದಲಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಹೆಚ್ಚಿನ ಅಪಾಯ ಕಾಣಲಿಲ್ಲ. ಇದನ್ನು ಓದಿ ಗಾಂಜಾ ನಿರಪಾಯವೆಂದು ಹಿಗ್ಗುವವರುಂಟು. ಆದರೆ ರಕ್ತದಲ್ಲಿ ಅಂಶ ಕಂಡವರೆಲ್ಲರೂ ಆ ಗಳಿಗೆಯಲ್ಲಿ ಅಮಲಿನಲ್ಲಿದ್ದರೆಂದಲ್ಲ. ಅಮಲಿನಲ್ಲಿದ್ದವರನ್ನೇ ಕೂರಿಸಿ ನಡೆಸಿದ ಪರೀಕ್ಷೆಗಳಲ್ಲಿ ಗಾಡಿ ತನ್ನ ಸಾಲು ಬಿಟ್ಟು ಅತ್ತಿತ್ತ ಓಲಾಡುವುದು, ಥಟ್ಟನೆ ಎದುರಾದುದಕ್ಕೆ ಕೈಕಾಲು ತಡವಾಗಿ ಓಗೊಡುವುದು ಕಂಡುಬಂದಿದೆ. ಮದ್ಯವೂ ಜೊತೆಗೂಡಿದರೆ ಕೇಡು ಇನ್ನೂ ಹೆಚ್ಚು.

ನಮ್ಮ 1988ರ ಮೋಟಾರು ವಾಹನಗಳ ಕಾಯಿದೆಯೂ ಈ ಭೇದವನ್ನು ಬಲ್ಲದು. ಅದರ 185ನೆಯ ಪ್ರಕರಣದಲ್ಲಿ ಮದ್ಯಕ್ಕೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಮಿತಿಯಿದೆ. ಮಾದಕ ದ್ರವ್ಯಕ್ಕೆ ಸಂಖ್ಯೆಯಿಲ್ಲ. ವಾಹನವನ್ನು ಹತೋಟಿಯಲ್ಲಿಡಲಾರದಷ್ಟು ಅದರ ವಶನಾಗಿರಬಾರದು ಎಂದಷ್ಟೇ ಇದೆ.

ವಾಚಕರೇ, ಯಂತ್ರ ಅಳೆಯಲಾರದು ಎಂದ ಮಾತ್ರಕ್ಕೆ ಅಪಾಯ ಇಲ್ಲವೆಂದಾಗದು. ಹಬ್ಬದ ದಿನ ಹಾಲಿನಲ್ಲಿ ಬೆರೆಸಿ ಕುಡಿದ ಭಂಗಿ ನಿಧಾನವಾಗಿ ತಲೆಗೇರುತ್ತದೆ. ಹೊರಡುವಾಗ ಏನೂ ಆಗಿಲ್ಲವೆಂದು ತೋರಿದವನಿಗೆ ಅರ್ಧ ದಾರಿಯಲ್ಲಿ ಮತ್ತು ಹತ್ತಬಹುದು. ಅಂಥವನ ಕೈಯಿಂದ ಗಾಡಿಯ ಬೀಗದ ಕೈಯನ್ನು ಇಸಿದುಕೊಳ್ಳುವ ಕೆಲಸ ಮನೆಯವರದು, ಗೆಳೆಯರದು. ಪೊಲೀಸರ ಪರೀಕ್ಷೆಗಾಗಿ ಕಾದು ಕೂರುವಂತಿಲ್ಲ.